ಮನೆಯಲ್ಲಿ ಒಬ್ಬರಿಗೆ ಟಿಬಿ: ಉಳಿದವರಲ್ಲಿ ಅಡಗಿರುವ ಸೋಂಕನ್ನು ಪತ್ತೆ ಮಾಡುವುದು, ಮಾತ್ರೆ ಮುಗಿಸುವುದು

ಒಬ್ಬರ ಕಫದಲ್ಲಿ ಟಿಬಿ ಇದೆ ಎಂದು ವರದಿ ಬಂದರೆ, ಅವರಿಗೆ ಮಾತ್ರೆ ಶುರು ಮಾಡಿದಲ್ಲಿಗೆ ಕೆಲಸ ಮುಗಿಯುವುದಿಲ್ಲ. ಅದೇ ಮನೆಯಲ್ಲಿ ಉಂಡು ಮಲಗುವವರಲ್ಲಿ ಕೆಲವರ ಶ್ವಾಸಕೋಶಕ್ಕೆ ರೋಗಾಣು ಆಗಲೇ ಹೊಕ್ಕಿರುತ್ತದೆ. ಅವರಿಗೆ ಕೆಮ್ಮಿಲ್ಲ, ಜ್ವರವಿಲ್ಲ, ಎಕ್ಸ್‌ರೇಯಲ್ಲಿ ಏನೂ ಕಾಣದು, ಅವರಿಂದ ಯಾರಿಗೂ ಹರಡುವುದೂ ಇಲ್ಲ. ಇದು ಸುಪ್ತ ಟಿಬಿ. ಹೀಗೆ ಸೋಂಕು ತಗುಲಿದ ನೂರು ಜನರಲ್ಲಿ 5ರಿಂದ 10 ಮಂದಿಗೆ ಜೀವಮಾನದಲ್ಲಿ ಯಾವಾಗಲಾದರೂ ರೋಗ ಏಳುತ್ತದೆ. ಅದರ ಅಪಾಯ ಅತಿ ಹೆಚ್ಚಿರುವುದು ಮೊದಲ 2 ವರ್ಷಗಳಲ್ಲಿ. 5 ವರ್ಷದೊಳಗಿನ ಮಕ್ಕಳಿಗೆ, ಎಚ್‌ಐವಿ ಇರುವವರಿಗೆ ಇನ್ನೂ ಹೆಚ್ಚು.

2019–21ರ ರಾಷ್ಟ್ರೀಯ ಸಮೀಕ್ಷೆಯ ಲೆಕ್ಕದಲ್ಲಿ, ದೇಶದಲ್ಲಿ 15 ವರ್ಷ ದಾಟಿದವರ ಪೈಕಿ ಸುಮಾರು 31% ಜನರಿಗೆ ಸೋಂಕು ತಗುಲಿದೆ. ಅಷ್ಟೂ ಜನರಿಗೆ ಔಷಧ ಕೊಡುವುದು ಆಗುವ ಮಾತಲ್ಲ, ಕೊಡಬೇಕಾಗಿಯೂ ಇಲ್ಲ. ಹೊಸದಾಗಿ ಸೋಂಕು ತಗುಲಿರಬಹುದಾದವರು, ತಗುಲಿದರೆ ತಾಳಿಕೊಳ್ಳಲಾರದವರು ಮೊದಲು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ವೈದ್ಯ-ಸಂಶೋಧಕ ಡಿಕ್ ಮೆಂಜೀಸ್ ಮತ್ತು ಸಂಗಡಿಗರು 2016ರಲ್ಲಿ ಹಲವು ದೇಶಗಳ ವರದಿಗಳನ್ನು ಒಟ್ಟುಮಾಡಿ ನೋಡಿದಾಗ, ತಪಾಸಣೆ ಆಗಬೇಕಿದ್ದ ನೂರು ಜನರಲ್ಲಿ ಕೊನೆಗೆ ರೋಗ ಏಳದಂತೆ ತಡೆಯುವ ಔಷಧದ ಕೋರ್ಸ್ ಮುಗಿಸಿದವರು 19 ಮಂದಿ ಮಾತ್ರ. ಉಳಿದವರು ದಾರಿಯುದ್ದಕ್ಕೂ ಒಂದೊಂದು ಹಂತದಲ್ಲಿ ಕೈಬಿಟ್ಟುಹೋಗಿದ್ದರು. ಹಾಗಾಗಿ ಯಾವ ಪರೀಕ್ಷೆ ಒಳ್ಳೆಯದು ಎಂಬ ಚರ್ಚೆಗಿಂತ, ಆರೋಗ್ಯ ಕಾರ್ಯಕರ್ತರು ರೋಗಿಯ ಮನೆಗೆ ಹೋದ ದಿನವೇ ಜೊತೆಗಿದ್ದವರ ಪಟ್ಟಿ ಪೂರ್ತಿ ಬರೆದುಕೊಳ್ಳುವುದು ಹೆಚ್ಚು ಪ್ರಯೋಜನದ ಕೆಲಸ.

ಪಟ್ಟಿಯಲ್ಲಿ ಯಾರು

ರೋಗಿಗೆ ಚಿಕಿತ್ಸೆ ಶುರುವಾಗುವ ಮುಂಚಿನ 3 ತಿಂಗಳಲ್ಲಿ ಅದೇ ಸೂರಿನಡಿ ಒಂದು ರಾತ್ರಿಯಾದರೂ ಮಲಗಿದವರು, ಇಲ್ಲವೇ ಹಗಲು ಹೊತ್ತು ಅವರ ಜೊತೆ ಪದೇ ಪದೇ ಅಥವಾ ಬಹಳ ಹೊತ್ತು ಕಳೆದವರು. ರೇಷನ್ ಕಾರ್ಡ್ ನೋಡಿ ಹೆಸರು ಬರೆದರೆ ಅರ್ಧ ಜನ ತಪ್ಪಿಹೋಗುತ್ತಾರೆ. ಹೆರಿಗೆಗೆ ಬಂದಿರುವ ಮಗಳು, ಪಿಜಿಯಲ್ಲಿ ಜೊತೆಗಿದ್ದ ಹುಡುಗ, ದಿನವಿಡೀ ಇಲ್ಲೇ ಟಿವಿ ನೋಡುತ್ತ ಕೂರುವ ಪಕ್ಕದ ಮನೆಯ ಮಗು, ಇವರನ್ನೆಲ್ಲ ಕೇಳಿ ಕೇಳಿಯೇ ಸೇರಿಸಬೇಕು.

2021ರ ರಾಷ್ಟ್ರೀಯ ಮಾರ್ಗಸೂಚಿಯಂತೆ 5 ವರ್ಷದೊಳಗಿನ ಮಕ್ಕಳಿಗೆ ಮತ್ತು ಎಚ್‌ಐವಿ ಇರುವವರಿಗೆ ಸೋಂಕಿನ ಪರೀಕ್ಷೆ ಬೇಕಿಲ್ಲ. ಸಕ್ರಿಯ ಟಿಬಿ, ಅಂದರೆ ಎದ್ದಿರುವ ರೋಗ, ಇಲ್ಲವೆಂದು ಗೊತ್ತಾದರೆ ತಡೆಯ ಔಷಧ ಶುರು. ಅದಕ್ಕಿಂತ ದೊಡ್ಡವರಿಗೆ ಪರೀಕ್ಷೆ ಮಾಡುವುದು ಒಳ್ಳೆಯದು, ಆದರೆ ಪರೀಕ್ಷೆ ಸಿಗಲಿಲ್ಲ ಎಂದು ಔಷಧ ನಿಲ್ಲಿಸಬಾರದು. ಡಯಾಲಿಸಿಸ್‌ನಲ್ಲಿರುವವರು, ಅಂಗಾಂಗ ಕಸಿಗೆ ಕಾಯುತ್ತಿರುವವರು, ಸಂಧಿವಾತಕ್ಕೆ ಟಿಎನ್‌ಎಫ್ (ಉರಿಯೂತ ಹೆಚ್ಚಿಸುವ ಪ್ರೋಟೀನ್) ತಡೆಯುವ ಇಂಜೆಕ್ಷನ್ ಪಡೆಯುವವರು, ಕಲ್ಲಿನ ದೂಳಿನಿಂದ ಸಿಲಿಕೋಸಿಸ್ ಆದವರು ಮನೆಯಲ್ಲಿ ರೋಗಿ ಇಲ್ಲದಿದ್ದರೂ ಈ ಸಾಲಿಗೆ ಸೇರುತ್ತಾರೆ. ಅವರಿಗೆ ಪರೀಕ್ಷೆ ಮಾಡಿಯೇ ಮುಂದುವರಿಯಬೇಕು.

ಸಕ್ರಿಯ ಟಿಬಿ ಇಲ್ಲ ಎಂದು ಖಚಿತ ಮಾಡಿಕೊಳ್ಳುವುದು

ಇಡೀ ಕೆಲಸದಲ್ಲಿ ತಪ್ಪಬಾರದ ಹೆಜ್ಜೆ ಇದೊಂದೇ. ಟಿಬಿಯ ರೋಗಾಣುಗಳಲ್ಲಿ ಸುಮಾರು ಹತ್ತು ಲಕ್ಷಕ್ಕೊಂದು ಟಿಬಿ ಔಷಧವಾದ ಐಸೋನಿಯಾಜಿಡ್‌ಗೆ ತಾನಾಗಿಯೇ ಬಗ್ಗದಂಥದ್ದು ಇರುತ್ತದೆ. ಸುಪ್ತ ಸೋಂಕಿನಲ್ಲಿ ಒಟ್ಟು ರೋಗಾಣುಗಳೇ ಕೆಲವು, ಆದ್ದರಿಂದ ಒಂದೇ ಔಷಧ ಸಾಕು. ಶ್ವಾಸಕೋಶದಲ್ಲಿ ಕುಳಿ ಬಿದ್ದ ರೋಗಿಯಲ್ಲಿ ಅವು ಕೋಟಿಗಟ್ಟಲೆ. ಅವರಿಗೆ ಒಂದೇ ಔಷಧ ಕೊಟ್ಟರೆ ಬಗ್ಗುವವು ಸತ್ತು ಬಗ್ಗದವು ಬೆಳೆಯುತ್ತವೆ. ಅಂದರೆ ತಡೆಯಲು ಹೋಗಿ ಔಷಧಕ್ಕೆ ಜಗ್ಗದ ಟಿಬಿಯನ್ನು ನಾವೇ ಸಾಕಿದಂತಾಗುತ್ತದೆ.

ಕೇಳಬೇಕಾದ ಪ್ರಶ್ನೆ ನಾಲ್ಕು: ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು. ಕೇಳುವ ರೀತಿಯ ಮೇಲೆ ಉತ್ತರ ನಿಂತಿದೆ. "ಕೆಮ್ಮಿದೆಯಾ ಅಜ್ಜಾ?" ಎಂದರೆ "ಇಲ್ಲಪ್ಪಾ" ಎನ್ನುತ್ತಾರೆ, "ಬೀಡಿ ಕೆಮ್ಮು?" ಎಂದರೆ "ಅದು ಯಾವಾಗ್ಲೂ ಇರೋದೇ ಅಲ್ವಾ" ಎನ್ನುತ್ತಾರೆ. ಅದೂ ಕೆಮ್ಮೇ. ಹೆಂಗಸರಿಗೆ ಕುಪ್ಪಸ, ಬಳೆ ಸಡಿಲವಾಗಿದೆಯೇ, ಬೆಳಿಗ್ಗೆ ಎದ್ದಾಗ ದಿಂಬು ಒದ್ದೆಯಿರುತ್ತದೆಯೇ ಎಂದು ಕೇಳಿ. ಮಕ್ಕಳಲ್ಲಿ ಆಟ ಕಡಿಮೆಯಾಗಿರುವುದು, ತೂಕ ಏರದಿರುವುದು ಮುಖ್ಯ. ತಾಯಿಯ ಮಾತಿನ ಜೊತೆಗೆ ತಾಯಿ ಕಾರ್ಡ್, ಅಂಗನವಾಡಿಯ ತೂಕದ ಪುಸ್ತಕವನ್ನೂ ನೋಡಿ.

ನಾಲ್ಕರಲ್ಲಿ ಒಂದಕ್ಕೆ ಹೌದೆಂದರೂ ಎಕ್ಸ್‌ರೇ ಮತ್ತು ಕಫದಲ್ಲಿ ರೋಗಾಣುವಿನ ಜೀನ್ ಹುಡುಕುವ ಟ್ರೂನಾಟ್ ಅಥವಾ ಸಿಬಿನಾಟ್ ಪರೀಕ್ಷೆ ಆಗಲಿ. ತಡೆಯ ಔಷಧದ ಮಾತು ಅಲ್ಲಿಯವರೆಗೆ ಬೇಡ. ಲಕ್ಷಣವಿಲ್ಲದವರಿಗೂ ಸಾಧ್ಯವಿದ್ದಲ್ಲೆಲ್ಲ ಎಕ್ಸ್‌ರೇ ಮಾಡಿಸಿ. ಲಕ್ಷಣವೇ ಇಲ್ಲದೆ ಎಕ್ಸ್‌ರೇಯಲ್ಲಿ ಸಿಕ್ಕಿಬೀಳುವ ರೋಗಿಗಳು ಕಡಿಮೆ ಇಲ್ಲ.

ಮಾಂಟೂ: ಚುಚ್ಚುವುದು, ಓದುವುದು

ಚರ್ಮದೊಳಗೆ ದ್ರವ ಚುಚ್ಚಿ ಊತ ನೋಡುವ ಮಾಂಟೂ ಪರೀಕ್ಷೆಗೆ ನೂರು ವರ್ಷ ದಾಟಿದೆ, ಆದರೆ ಅದು ಕೆಡುವುದು ಇವತ್ತಿಗೂ ಕೈಯಲ್ಲೇ. ಚುಚ್ಚುವ ದ್ರವವಾದ ಪಿಪಿಡಿಯ ಸೀಸೆ 2ರಿಂದ 8 ಡಿಗ್ರಿಯಲ್ಲಿ, ಬೆಳಕಿನಿಂದ ದೂರ ಇರಬೇಕು. ಬೆಳಿಗ್ಗೆಯೇ ಹತ್ತು ಸಿರಿಂಜ್ ತುಂಬಿಸಿ ಟ್ರೇಯಲ್ಲಿಟ್ಟುಕೊಳ್ಳಬೇಡಿ; ದ್ರವದಲ್ಲಿರುವ ಪ್ರೋಟೀನ್ ಸಿರಿಂಜಿನ ಗೋಡೆಗೆ ಅಂಟಿ ಸತ್ವ ಕಡಿಮೆಯಾಗುತ್ತದೆ. ಪಿಪಿಡಿ ಆರ್‌ಟಿ 23 ಎಂಬ ಬಗೆಯಾದರೆ 2 ಟಿಯು (ಅದರ ಶಕ್ತಿಯ ಅಳತೆ) ಸಾಕು. ಕೆಲವು ಲ್ಯಾಬ್‌ಗಳಲ್ಲಿ 10 ಟಿಯು ಬಳಸುತ್ತಾರೆ. ಅದರಲ್ಲಿ ಸುಳ್ಳು ಪಾಸಿಟಿವ್ ಹೆಚ್ಚು. ಸೀಸೆಯ ಚೀಟಿ ಓದಿಯೇ ಚುಚ್ಚಿ.

ಮುಂಗೈಯ ಒಳಬದಿ, ರಕ್ತನಾಳ ಮತ್ತು ಗಾಯದ ಕಲೆ ಇಲ್ಲದ ಜಾಗ. 26 ಅಥವಾ 27 ಗೇಜ್ ಸೂಜಿ, ಓರೆ ಬಾಯಿ ಮೇಲಕ್ಕೆ, ಚರ್ಮಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ. 0.1 ಮಿ.ಲೀ. ಒಳಗೆ ಹೋಗುತ್ತಿದ್ದಂತೆ 6ರಿಂದ 10 ಮಿ.ಮೀ. ಅಗಲದ, ಕಿತ್ತಳೆ ಸಿಪ್ಪೆಯಂತೆ ರಂಧ್ರ ರಂಧ್ರವಾಗಿ ಕಾಣುವ ಬಿಳಿ ಬೊಬ್ಬೆ ಏಳಬೇಕು. ಬೊಬ್ಬೆ ಏಳದಿದ್ದರೆ ಸೂಜಿ ಚರ್ಮದ ಕೆಳಗೆ ಹೋಗಿದೆ. ಕನಿಷ್ಠ 5 ಸೆಂ.ಮೀ. ಆಚೆ ಮತ್ತೊಮ್ಮೆ ಚುಚ್ಚಿ, ಎಲ್ಲಿ ಎಂದು ಬರೆದಿಡಿ. ಜಾಗವನ್ನು ಉಜ್ಜಬಾರದು, ಬ್ಯಾಂಡೇಜ್ ಹಾಕಬಾರದು.

48ರಿಂದ 72 ಗಂಟೆಯೊಳಗೆ ಓದಬೇಕು. ಗುರುವಾರ ಚುಚ್ಚಿದರೆ ಓದುವ ದಿನ ಶನಿವಾರ ಅಥವಾ ಭಾನುವಾರ. ಆಗ ಯಾರೂ ಬರುವುದಿಲ್ಲ. ಸೋಮವಾರ, ಮಂಗಳವಾರ ಚುಚ್ಚುವುದು ವಾಸಿ. ಅಳೆಯಬೇಕಾದ್ದು ಗಟ್ಟಿಯಾದ ಊತವನ್ನು. ಸುತ್ತಲಿನ ಕೆಂಪು ಲೆಕ್ಕಕ್ಕಿಲ್ಲ. ಬಾಲ್‌ಪೆನ್ನನ್ನು ಹೊರಗಿನಿಂದ ಊತದ ಕಡೆಗೆ ಮೆಲ್ಲಗೆ ಎಳೆಯಿರಿ, ತಡೆದ ಕಡೆ ನಿಲ್ಲಿಸಿ; ಎದುರಿನಿಂದಲೂ ಹಾಗೇ ಮಾಡಿ. ಎರಡು ಗೆರೆಗಳ ನಡುವಿನ ಅಂತರವನ್ನು ಕೈಯ ಉದ್ದಕ್ಕೆ ಅಡ್ಡಲಾಗಿ ಅಳೆಯಿರಿ. 10 ಮಿ.ಮೀ. ಅಥವಾ ಹೆಚ್ಚಿದ್ದರೆ ಪಾಸಿಟಿವ್. ಎಚ್‌ಐವಿ ಇರುವವರಲ್ಲಿ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ತೆಗೆದುಕೊಳ್ಳುವವರಲ್ಲಿ 5. "ನೆಗೆಟಿವ್" ಎಂದಷ್ಟೇ ಬರೆಯಬೇಡಿ, 0 ಇದ್ದರೂ "0 ಮಿ.ಮೀ." ಎಂದೇ ಬರೆಯಿರಿ. 9, 11 ಬಂದಾಗ 10 ಎಂದು ದುಂಡಗೆ ಬರೆಯುವ ಚಾಳಿ ಬಹಳ ಮಂದಿಗಿದೆ. ಗೆರೆ ಇರುವುದೇ 10ರಲ್ಲಾದ್ದರಿಂದ ಅದು ಸಣ್ಣ ತಪ್ಪಲ್ಲ.

ಹುಟ್ಟಿದಾಗ ಹಾಕಿಸಿದ ಬಿಸಿಜಿಯ ಪ್ರಭಾವ 10 ವರ್ಷ ಕಳೆದ ಮೇಲೆ ಬಹುತೇಕ ಉಳಿಯುವುದಿಲ್ಲ. ಆದ್ದರಿಂದ ದೊಡ್ಡವರ 16 ಮಿ.ಮೀ. ಊತವನ್ನು "ಬಿಸಿಜಿಯಿಂದ ಬಂದಿದ್ದು" ಎಂದು ತಳ್ಳಿಹಾಕಬೇಡಿ. ತೀವ್ರ ಅಪೌಷ್ಟಿಕತೆ, ಆಗಷ್ಟೇ ಆದ ದಡಾರ ಅಥವಾ ದಡಾರದ ಲಸಿಕೆ, ಸ್ಟೆರಾಯ್ಡ್ ಇದ್ದಲ್ಲಿ ಸೋಂಕಿದ್ದರೂ ಊತ ಬಾರದಿರಬಹುದು.

ರಕ್ತದ ಪರೀಕ್ಷೆ ಮತ್ತು ಹೊಸ ಚರ್ಮ ಪರೀಕ್ಷೆ

ಇಗ್ರಾ ಎಂಬ ರಕ್ತ ಪರೀಕ್ಷೆಗೆ ಒಂದೇ ಭೇಟಿ ಸಾಕು, ಬಿಸಿಜಿ ಅದನ್ನು ಕೆಡಿಸದು. ಅದರ ಒಂದು ಬಗೆಯಾದ ಕ್ವಾಂಟಿಫೆರಾನ್ ಪ್ಲಸ್‌ನಲ್ಲಿ ನಾಲ್ಕು ಕೊಳವೆ, ಒಂದೊಂದಕ್ಕೆ 1 ಮಿ.ಲೀ. ರಕ್ತ. ತುಂಬಿದ ಕೂಡಲೇ ಒಳಗೋಡೆಯೆಲ್ಲ ರಕ್ತದಿಂದ ತೋಯುವಂತೆ 10 ಸಲ ಅಲ್ಲಾಡಿಸಬೇಕು. ರಕ್ತದ ಕಣಗಳನ್ನು ಕೆಣಕುವ ಪ್ರತಿಜನಕ ಇರುವುದು ಆ ಗೋಡೆಯ ಮೇಲೆಯೇ. ಕೊಠಡಿಯ ಉಷ್ಣತೆಯಲ್ಲಿಟ್ಟರೆ 16 ಗಂಟೆಯೊಳಗೆ 37 ಡಿಗ್ರಿಯ ಇನ್‌ಕ್ಯುಬೇಟರ್‌ಗೆ ಹಾಕಿ 16ರಿಂದ 24 ಗಂಟೆ ಬಿಡಬೇಕು. ತಾಲ್ಲೂಕಿನಲ್ಲಿ ರಕ್ತ ತೆಗೆದು ಬೆಂಗಳೂರಿಗೆ ಕೊರಿಯರ್ ಮಾಡುವಾಗ ಎಡವುವುದು ಇಲ್ಲೇ. "ಇಂಡಿಟರ್ಮಿನೇಟ್" ಬಂದರೆ ಅದು ನೆಗೆಟಿವ್ ಅಲ್ಲ. ರಕ್ತದ ಕಣಗಳು ಸ್ಪಂದಿಸಲಿಲ್ಲ ಅಥವಾ ಸಾಗಣೆ ಕೆಟ್ಟಿದೆ, ಮತ್ತೆ ಮಾಡಿಸಿ. ಪಾಸಿಟಿವ್ ಎನ್ನುವ 0.35ರ ಗೆರೆಯ ಪಕ್ಕದಲ್ಲೇ, 0.38, 0.41 ಎಂದು ಬಂದರೆ ಅದಕ್ಕೆ ಹೆಚ್ಚು ತೂಕ ಕೊಡಬೇಡಿ. ಮರುಪರೀಕ್ಷೆಯಲ್ಲಿ ಇಂಥವು ಆಚೀಚೆ ಆಗುವುದು ಮಾಮೂಲು.

ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನ ಸೈ-ಟಿಬಿಯನ್ನು ಮಾಂಟೂ ಹಾಗೆಯೇ ಚುಚ್ಚಿ 48–72 ಗಂಟೆಗೆ ಓದುತ್ತಾರೆ, ಆದರೆ ಅದರಲ್ಲಿರುವುದು ಬಿಸಿಜಿಯಲ್ಲಿ ಇಲ್ಲದ ಎರಡು ಪ್ರೋಟೀನ್. ಎಲ್ಲರಿಗೂ ಗೆರೆ 5 ಮಿ.ಮೀ.

ಮಾಂಟೂ ಆಗಲಿ ಇಗ್ರಾ ಆಗಲಿ, ಸಕ್ರಿಯ ರೋಗವನ್ನೂ ಸುಪ್ತ ಸೋಂಕನ್ನೂ ಬೇರ್ಪಡಿಸಿ ಹೇಳಲಾರದು. ಕೆಮ್ಮುತ್ತಿರುವವರಿಗೆ ದುಬಾರಿ ಇಗ್ರಾ ಬರೆದು ಟಿಬಿ "ಖಚಿತ" ಮಾಡುವುದು ರೋಗಿಯ ದುಡ್ಡು ಹಾಳು. ಇನ್ನು ಟಿಬಿ ಐಜಿಜಿ, ಐಜಿಎಂ ಎಂಬ ರಕ್ತ ಪರೀಕ್ಷೆಗಳನ್ನು ಸರ್ಕಾರ 2012ರಲ್ಲೇ ನಿಷೇಧಿಸಿದೆ.

ಯಾವ ಔಷಧ, ಎಷ್ಟು

ಹಳೆಯದು 6 ತಿಂಗಳ ಐಸೋನಿಯಾಜಿಡ್. ದೊಡ್ಡವರಿಗೆ ಕೆ.ಜಿ.ಗೆ 5 ಮಿ.ಗ್ರಾಂ, ದಿನಕ್ಕೆ ಹೆಚ್ಚೆಂದರೆ 300. 10 ವರ್ಷದೊಳಗಿನ ಮಕ್ಕಳಿಗೆ ಕೆ.ಜಿ.ಗೆ 10, 7ರಿಂದ 15ರವರೆಗೆ ನಡೆಯುತ್ತದೆ. 12 ಕೆ.ಜಿ.ಯ ಮಗುವಿಗೆ 84ರಿಂದ 180 ಮಿ.ಗ್ರಾಂ ಒಳಗಿದ್ದರೆ ಸರಿ, ಆದ್ದರಿಂದ ನೀರಿನಲ್ಲಿ ಕರಗುವ 100ರ ಮಾತ್ರೆ ಒಂದರಿಂದ ಒಂದೂವರೆ. ಮಗುವಿನ ತೂಕ ಪ್ರತಿ ತಿಂಗಳು ನೋಡಿ, ಏರಿದಂತೆ ಪ್ರಮಾಣವೂ ಏರಬೇಕು.

ಹೊಸದು ವಾರಕ್ಕೊಮ್ಮೆಯಂತೆ 12 ವಾರ. 14 ದಾಟಿದವರಿಗೆ ಐಸೋನಿಯಾಜಿಡ್ 900, ರಿಫಾಪೆಂಟೈನ್ 900 ಮಿ.ಗ್ರಾಂ. ಬಿಡಿ ಮಾತ್ರೆಯಾದರೆ 300ರದ್ದು 3, 150ರದ್ದು 6, ಒಟ್ಟು 9. ಎರಡೂ ಸೇರಿದ 300/300ರ ಮಾತ್ರೆ ಸಿಕ್ಕರೆ 3 ಸಾಕು. ಒಮ್ಮೆಗೇ ಒಂಬತ್ತು ನುಂಗಿ ಎಂದರೆ ಜನ ಹೆದರುತ್ತಾರೆ. ಜೋಡಿ ಮಾತ್ರೆಯನ್ನೇ ತರಿಸಿಕೊಳ್ಳಲು ಯತ್ನಿಸಿ. ಇದನ್ನು ಊಟದ ಜೊತೆ ಕೊಡಿ, ಆಗ ದೇಹ ರಿಫಾಪೆಂಟೈನನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ರಿಫಾಂಪಿಸಿನ್ ಒಂದನ್ನೇ 4 ತಿಂಗಳು ಕೊಡುವ ಕ್ರಮವೂ ಇದೆ. ಮೆಂಜೀಸ್ ತಂಡ 9 ದೇಶಗಳಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 9 ತಿಂಗಳ ಐಸೋನಿಯಾಜಿಡ್‌ಗೆ ಹೋಲಿಸಿದರೆ ಇದನ್ನು ಮುಗಿಸಿದವರು ಹೆಚ್ಚು, ಪಿತ್ತಜನಕಾಂಗಕ್ಕೆ (ಲಿವರ್) ಪೆಟ್ಟು ಬಿದ್ದವರು ಕಡಿಮೆ. ನಮ್ಮ ಅಭಿಪ್ರಾಯದಲ್ಲಿ, ಕೈಗೆ ಸಿಗುವುದಾದರೆ ದೊಡ್ಡವರಿಗೆ ಗಿಡ್ಡ ಕೋರ್ಸೇ ಲೇಸು. ಆರು ತಿಂಗಳು ಆರೋಗ್ಯವಂತರಿಗೆ ಮಾತ್ರೆ ನುಂಗಿಸುವುದು ಹೇಳಿದಷ್ಟು ಸುಲಭವಲ್ಲ.

ಗಿಡ್ಡ ಕೋರ್ಸ್ ಎಲ್ಲರಿಗೂ ಒಗ್ಗದು. ಗರ್ಭಿಣಿಯರಿಗೆ ರಿಫಾಪೆಂಟೈನ್ ಬೇಡ. ಗರ್ಭನಿರೋಧಕ ಮಾತ್ರೆ ನಂಬಿಕೊಂಡವರು ಬೇರೆ ದಾರಿ ನೋಡಿಕೊಳ್ಳಬೇಕು, ಏಕೆಂದರೆ ಅದರ ಶಕ್ತಿ ಕುಂದುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಸ್ಟೆರಾಯ್ಡ್, ಗ್ಲಿಮೆಪಿರೈಡ್‌ನಂಥ ಸಕ್ಕರೆ ಮಾತ್ರೆ, ಕೆಲವು ಎಚ್‌ಐವಿ ಔಷಧಗಳ ಕಥೆಯೂ ಅದೇ. ಮನೆಯಲ್ಲಿ ಯಾರು ಇನ್ಯಾವ ಮಾತ್ರೆ ನುಂಗುತ್ತಾರೆ ಎಂದು ಬಾಯಲ್ಲಿ ಕೇಳಿದರೆ ಸಾಲದು, ಮಾತ್ರೆ ಡಬ್ಬಿಯನ್ನೇ ತರಿಸಿ ನೋಡಿ. ರೋಗಿಯ ಟಿಬಿ ರಿಫಾಂಪಿಸಿನ್‌ಗೆ ಜಗ್ಗದ್ದಾದರೆ ಮೇಲಿನ ಯಾವುದೂ ಸಲ್ಲ. ಅವರ ಸಂಪರ್ಕದವರಿಗೆ 6 ತಿಂಗಳ ಲಿವೊಫ್ಲಾಕ್ಸಸಿನ್ ಇದೆ, ಅದನ್ನು ಜಿಲ್ಲಾ ಮಟ್ಟದಲ್ಲಿ ನಿರ್ಧರಿಸಲಿ.

ನಡುವೆ ಬರುವ ತೊಂದರೆಗಳು

ರಿಫಾಪೆಂಟೈನ್ ತೆಗೆದುಕೊಂಡರೆ ಮೂತ್ರ, ಕಣ್ಣೀರು ಕೇಸರಿ ಬಣ್ಣಕ್ಕೆ ತಿರುಗುತ್ತದೆ. ಮೊದಲ ದಿನವೇ ಹೇಳದಿದ್ದರೆ "ರಕ್ತ ಹೋಗ್ತಿದೆ" ಎಂದು ಎರಡನೇ ವಾರ ಬಿಟ್ಟುಬಿಡುತ್ತಾರೆ. ಮೂರ್ನಾಲ್ಕು ಡೋಸ್ ಆದ ಮೇಲೆ, ಮಾತ್ರೆ ನುಂಗಿದ ಕೆಲವು ಗಂಟೆಗೆ ಮೈಕೈ ನೋವು, ಚಳಿಜ್ವರ ಬರುವುದುಂಟು. ಹಗುರವಾಗಿದ್ದರೆ ತಾನೇ ಇಳಿಯುತ್ತದೆ, ತಲೆಸುತ್ತಿ ಬಿದ್ದರೆ ಮುಂದಿನ ಡೋಸ್ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ನಿಜವಾಗಿ ಹೆದರಬೇಕಾದ್ದು ಪಿತ್ತಜನಕಾಂಗದ ಉರಿಯೂತಕ್ಕೆ. ಊಟ ಸೇರದಿರುವುದು, ವಾಕರಿಕೆ, ಬಲಪಕ್ಕೆಯಲ್ಲಿ ನೋವು, ಕಪ್ಪು ಚಹಾದ ಬಣ್ಣದ ಮೂತ್ರ, ಕಣ್ಣು ಹಳದಿ, ಇವುಗಳಲ್ಲಿ ಒಂದು ಕಂಡರೂ ಮಾತ್ರೆ ಅಂದೇ ನಿಲ್ಲಿಸಿ ರಕ್ತ ಪರೀಕ್ಷೆ. ಲಕ್ಷಣವಿದ್ದು ಎಎಲ್‌ಟಿ (ಪಿತ್ತಜನಕಾಂಗಕ್ಕೆ ಬಿದ್ದ ಪೆಟ್ಟನ್ನು ತೋರಿಸುವ ರಕ್ತದ ಅಂಶ) ಸಾಮಾನ್ಯ ಮಿತಿಯ 3 ಪಟ್ಟು ದಾಟಿದರೆ, ಲಕ್ಷಣವಿಲ್ಲದೆ 5 ಪಟ್ಟು ದಾಟಿದರೆ ಮತ್ತೆ ಶುರು ಮಾಡಬಾರದು, ತಜ್ಞರ ಬಳಿ ಕಳಿಸಿ. ಕುಡಿಯುವವರಿಗೆ ಕೋರ್ಸ್ ಮುಗಿಯುವತನಕ ಬೇಡವೆಂದು ನೇರವಾಗಿ ಹೇಳಿ. ಕಾಮಾಲೆಗೆ ಕೊಡುವ ಹಸಿರು ಔಷಧವನ್ನೂ ಇದರ ಜೊತೆ ಸೇರಿಸುವುದು ಬೇಡ. ಅಂಗಾಲು ಉರಿ, ಜೋಮು ತಡೆಯಲು ಐಸೋನಿಯಾಜಿಡ್ ಜೊತೆ ಬಿ6 ಮಾತ್ರೆ ದಿನಕ್ಕೆ 10ರಿಂದ 25 ಮಿ.ಗ್ರಾಂ ಇರಲಿ, ಅದರಲ್ಲೂ ಸಕ್ಕರೆ ಕಾಯಿಲೆಯವರಿಗೆ, ಬಾಣಂತಿ-ಗರ್ಭಿಣಿಯರಿಗೆ, ಸೊರಗಿದವರಿಗೆ.

ವಾರದ ಡೋಸ್ ಮರೆತು ಎರಡು ದಿನದೊಳಗೆ ನೆನಪಾದರೆ ಕೂಡಲೇ ತೆಗೆದುಕೊಂಡು ಹಳೆಯ ವಾರವನ್ನೇ ಮುಂದುವರಿಸಿ. ಅದಕ್ಕಿಂತ ತಡವಾದರೆ ನೆನಪಾದ ದಿನವೇ ಹೊಸ ವಾರ. ಎರಡು ಡೋಸಿನ ನಡುವೆ 4 ದಿನವಾದರೂ ಇರಲಿ. 16 ವಾರದೊಳಗೆ 11 ಡೋಸ್ ಆದರೂ ಮುಗಿದಂತೆ ಲೆಕ್ಕ. ನಾಲ್ಕು ಅಥವಾ ಹೆಚ್ಚು ಡೋಸ್ ತಪ್ಪಿದ್ದರೆ ಮೊದಲಿನಿಂದ ಶುರು ಮಾಡಬೇಕಾದೀತು. ಯಾವ ವಾರ ಎಂಬುದನ್ನು ಸಂತೆಯ ದಿನಕ್ಕೆ ಕಟ್ಟಿದರೆ ಮರೆಯುವುದು ಕಡಿಮೆ.

ತಟ್ಟೆಯಲ್ಲಿರುವುದೂ ಔಷಧವೇ

ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ಟಿಬಿ ರೋಗಿಗಳ ಮನೆಯ 10,345 ಮಂದಿಯನ್ನು ಹಿಂಬಾಲಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿನ ಮನೆಮಂದಿಗೆ ದೊಡ್ಡವರೊಬ್ಬರಿಗೆ ತಿಂಗಳಿಗೆ 5 ಕೆ.ಜಿ. ಅಕ್ಕಿ, 1.5 ಕೆ.ಜಿ. ತೊಗರಿಬೇಳೆ, ಜೊತೆಗೆ ಸೂಕ್ಷ್ಮ ಪೋಷಕಾಂಶದ ಮಾತ್ರೆ ಕೊಟ್ಟರು. ಅಂದರೆ ದಿನಕ್ಕೆ ಸುಮಾರು 750 ಕ್ಯಾಲೊರಿ, 23 ಗ್ರಾಂ ಪ್ರೋಟೀನ್. ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬಂದದ್ದು 39% ಕಡಿಮೆ, ಪ್ರಯೋಗಾಲಯದಲ್ಲಿ ಖಚಿತವಾದ ಶ್ವಾಸಕೋಶದ ಟಿಬಿ 48% ಕಡಿಮೆ. ಪಡಿತರದಲ್ಲಿ ಅಕ್ಕಿ ಬರುತ್ತದೆ, ಕೊರತೆ ಬೇಳೆಯದು. ಟಿಬಿ ರೋಗಿಗಳಿಗೆ ನೆರವಾಗುವ ದಾನಿಗಳಾದ ನಿಕ್ಷಯ ಮಿತ್ರರ ಆಹಾರದ ಕಿಟ್ ಕೇಳುವಾಗ ರೋಗಿಯೊಬ್ಬರ ಹೆಸರಿಗೆ ನಿಲ್ಲದೆ ಮನೆಯ ತಲೆ ಎಣಿಸಿ ಕೇಳಿ.

ಮುಗಿದ ಮೇಲೆ

ಕೋರ್ಸ್ ಆದ ಮೇಲೆ ಮಾಂಟೂ ಅಥವಾ ಇಗ್ರಾ ಮತ್ತೆ ಮಾಡಿಸಬೇಡಿ. ಸೋಂಕು ಹೋದರೂ ಪರೀಕ್ಷೆ ಹೆಚ್ಚಿನವರಲ್ಲಿ ಪಾಸಿಟಿವ್ ಆಗಿಯೇ ಉಳಿಯುತ್ತದೆ, ಅದನ್ನು ಕಂಡು ಇನ್ನೊಬ್ಬ ವೈದ್ಯರು ಎರಡನೇ ಸುತ್ತು ಶುರು ಮಾಡಿದ್ದೂ ಉಂಟು. ಮುಂದಿನ 2 ವರ್ಷ ಆರು ತಿಂಗಳಿಗೊಮ್ಮೆ ಆ ನಾಲ್ಕು ಪ್ರಶ್ನೆ ಕೇಳಿದರೆ ಸಾಕು. ಔಷಧದ ಹೆಸರು, ಶುರು-ಮುಗಿದ ದಿನಾಂಕ, ನುಂಗಿದ ಡೋಸ್‌ಗಳ ಸಂಖ್ಯೆ ಇರುವ ಕಾಗದವೊಂದನ್ನು ಸಹಿ, ಮೊಹರು ಹಾಕಿಸಿ ಕೊಡಿ, ಸರ್ಕಾರದ ಟಿಬಿ ದಾಖಲೆಯ ನಿಕ್ಷಯ ಪೋರ್ಟಲ್‌ನಲ್ಲೂ ದಾಖಲಿಸಿ. ನರ್ಸಿಂಗ್ ಕೆಲಸಕ್ಕೋ ಓದಿಗೋ ಹೊರದೇಶಕ್ಕೆ ಹೊರಟಾಗ ಇಗ್ರಾ ಪಾಸಿಟಿವ್ ಬಂದರೆ ಅಲ್ಲಿ ಮೊದಲು ಕೇಳುವುದು ಆ ಕಾಗದವನ್ನೇ.