ಸೋಲಾರ್ ರೊಟ್ಟಿ ಮಷೀನ್: ಸಂಘದವರು ಹಾಕೋದು ಹೇಗೆ, ಯಾವ ಕೆಲ್ಸ ಮೊದಲು?

ಹೆಂಗಸರ ಸ್ವಸಹಾಯ ಸಂಘದ ವಾಟ್ಸಾಪ್ ಗ್ರೂಪಲ್ಲಿ ಯಾರಾದ್ರೂ ಸೋಲಾರ್ ರೊಟ್ಟಿ ಮಷೀನ್ (ಬಿಸಿಲಿನ ಕರೆಂಟಲ್ಲಿ ಮೋಟಾರು ತಿರುಗಿಸಿ ಹಿಟ್ಟಿನ ಉಂಡೆ ಒತ್ತೋದು) ವಿಡಿಯೋ ಹಾಕಿದ್ರೆ ಮೊದಲು ಬರೋ ಪ್ರಶ್ನೆ "ರೇಟ್ ಎಷ್ಟ್ರೀ?" ಅಂತ. ಕೇಳ್ಲೇಬೇಕಾದ ಪ್ರಶ್ನೆನೇ, ಆದ್ರೆ ಅದು ನಾಲ್ಕನೇದೋ ಐದನೇದೋ ಆಗಿರ್ಲಿ. ರೊಟ್ಟಿ ಯಾರು ತಗೋತಾರೆ, ದುಡ್ಡು ಯಾರ ಕೈಗೆ ಹೋಗ್ತದೆ, ಮಷೀನು ಯಾರ ಹೆಸರಲ್ಲಿರ್ತದೆ, ಇದಿಷ್ಟು ಇತ್ಯರ್ಥ ಆದ್ಮೇಲೆ ಪ್ಯಾನೆಲ್ಲು ಬ್ಯಾಟರಿ ಮಾತು, ಆಮೇಲೆ ಸಾಲ, ಕೆಟ್ರೆ ಯಾರು ಬರ್ತಾರೆ ಅನ್ನೋದು. ಉಲ್ಟಾ ಹೋದ್ರೆ ಮಷೀನು ಬರ್ತದೆ, ರಿಬ್ಬನ್ ಕಟ್ ಆಗ್ತದೆ, ಪೇಪರಲ್ಲಿ ಫೋಟೋನೂ ಬರ್ತದೆ, ಆರು ತಿಂಗಳು ಬಿಟ್ಟು ಹೋಗಿ ನೋಡಿದ್ರೆ ಅದರ ಮೇಲೆ ಜೋಳದ ಚೀಲ ಪೇರಿಸಿರ್ತಾರೆ.

ಬಿಸಿಲಿನ ಕರೆಂಟು ಬಂತು ಅಂದ ಮಾತ್ರಕ್ಕೆ ಊರಿನ ಎಲ್ಲರಿಗೂ ಲಾಭ ಅಂತೇನಿಲ್ಲ. ಪಾವಗಡ ಸೋಲಾರ್ ಪಾರ್ಕ್ ನೋಡಿ, 2,050 ಮೆಗಾವ್ಯಾಟು, ಸುಮಾರು 13,000 ಎಕರೆ, ತಿರುಮಣಿ, ವಳ್ಳೂರು ಸೇರಿ ಐದು ಊರಿನ ಜಮೀನು. ರೈತರ ಹತ್ರ ಭೂಮಿ ಕಿತ್ಕೊಳ್ಳದೇ ಲೀಸಿಗೆ ತಗೊಂಡ್ರು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಬರಗಾಲದ ಸೀಮೆಗೆ ಅದು ಒಳ್ಳೇ ದುಡ್ಡೇ. ಆದ್ರೆ ಆ ದುಡ್ಡು ಹೋಗಿದ್ದು ಪಹಣಿಯಲ್ಲಿ ಹೆಸರಿದ್ದೋರಿಗೆ. ಆ ಹೊಲದಲ್ಲಿ ಕಳೆ ಕೀಳೋರು, ಶೇಂಗಾ ಬಿಡಿಸೋರು, ಕುರಿ ಮೇಯಿಸೋರಿಗೆ ಪಹಣಿ ಎಲ್ಲಿಂದ ಬರ್ಬೇಕು? ಅವರ ಕೂಲಿ ಹೋಯ್ತು, ಲೀಸು ಬರ್ಲಿಲ್ಲ. ಅಷ್ಟು ದೊಡ್ಡ ಯೋಜನೇಲಿ ಆಗೋ ಈ ತಪ್ಪು ಹತ್ತು ಜನದ ಸಂಘದಲ್ಲೂ ಸರಾಗವಾಗಿ ಆಗ್ತದೆ, ಹಂಗಾಗಿ ಕೆಳಗಿನ ಹಂತಗಳನ್ನ ಇದೇ ಕ್ರಮದಲ್ಲಿ ಮಾಡಿ.

ಹಂತ 1: ರೊಟ್ಟಿ ಮಾರಿ ನೋಡಿ, ಮಷೀನ್ ಇಲ್ದೇನೇ

ಒಂದು ತಿಂಗಳು ಕೈಯಲ್ಲೇ ಬಡಿದು ಮಾರಿ. ಖಾನಾವಳಿ, ಹಾಸ್ಟೆಲ್ಲು, ಮದುವೆ ಅಡುಗೆ ಕಾಂಟ್ರ್ಯಾಕ್ಟರ್, ಬಸ್ ಸ್ಟ್ಯಾಂಡಿನ ಅಂಗಡಿ, ಒಬ್ಬೊಬ್ಬರ ಹತ್ರನೂ ಹೋಗಿ ದಿನಕ್ಕೆ ಎಷ್ಟು ಬೇಕು, ಮೆತ್ತಂದೋ ಕಡಕ್ಕೋ, ದುಡ್ಡು ಅವತ್ತೇ ಕೊಡ್ತಾರೋ ತಿಂಗಳಿಗೋ ಅಂತ ಬರ್ಕೊಳ್ಳಿ. ಕಡಕ್ ರೊಟ್ಟಿ ವಾರಗಟ್ಲೆ ಇರ್ತದೆ, ಪ್ಯಾಕ್ ಮಾಡಿ ಬೆಂಗಳೂರಿಗೂ ಕಳಿಸ್ಬೋದು, ಮೆತ್ತಂದು ಅವತ್ತವತ್ತೇ ಖರ್ಚಾಗ್ಬೇಕು, ಎರಡಕ್ಕೂ ಲೆಕ್ಕ ಬೇರೆ. ಕಲಬುರಗಿ ಕಡೆಯೋರಾದ್ರೆ ಜಿಲ್ಲಾಡಳಿತದೋರು ಸಂಘಗಳ ರೊಟ್ಟಿನ "ಕಲಬುರಗಿ ರೊಟ್ಟಿ" ಅನ್ನೋ ಒಂದೇ ಹೆಸರಲ್ಲಿ ಮಾರೋ ವ್ಯವಸ್ಥೆ ಮಾಡಿದ್ದಾರೆ, ಅದರಲ್ಲಿ ಸೇರ್ಕೊಳ್ಳೋಕೆ ಏನು ಬೇಕು ಅಂತ ಮೊದಲೇ ವಿಚಾರಿಸಿ.

ಈ ತಿಂಗಳಲ್ಲಿ ಇನ್ನೊಂದು ಕೆಲ್ಸ: ಒಂದು ಕಿಲೋ ಹಿಟ್ಟಿಗೆ ಎಷ್ಟು ರೊಟ್ಟಿ ಆಗ್ತದೆ ಅಂತ ತೂಗಿ ಬರೀರಿ. ಮಾಲ್ದಂಡಿ ಜೋಳದ ಹಿಟ್ಟು ಎಳೀತದೆ, ಹೈಬ್ರಿಡ್ ಜೋಳದ್ದು ಬಿರೀತದೆ, ಹಳೇ ಹಿಟ್ಟು ಇನ್ನೂ ಬಿರೀತದೆ. ಎಸರು ಕುದಿಸಿ ಹಾಕಿ ನಾದಿದ ಹಿಟ್ಟೇ ಆದ್ರೂ ಜಿಗಿ ಬರ್ಲಿಲ್ಲ ಅಂದ್ರೆ ಮಷೀನಲ್ಲಿ ಒತ್ತುವಾಗ ಅಂಚು ಸೀಳ್ತದೆ. ಕೈಯಲ್ಲಿ ಬಡಿಯೋ ಅಕ್ಕಂದ್ರು ಅದನ್ನ ಬೆರಳಲ್ಲೇ ಸರಿ ಮಾಡ್ಕೋತಾರೆ, ಮಷೀನಿಗೆ ಬೆರಳಿಲ್ಲ. ಅದಕ್ಕೇ ಮಷೀನ್ ನೋಡೋಕೆ ಹೋಗುವಾಗ ನಿಮ್ಮ ಹಿಟ್ಟೇ ತಗೊಂಡು ಹೋಗಿ, ಅವರ ಹಿಟ್ಟಲ್ಲಿ ತೋರಿಸಿದ ಡೆಮೋ ನೋಡಿ ಅಡ್ವಾನ್ಸ್ ಕೊಡಬೇಡಿ.

ಹಂತ 2: ಯಾರಿಗೆ ಎಷ್ಟು, ಯಾರ ಹೆಸರಲ್ಲಿ

ಇದು ಎಲ್ಲರೂ ಮುಂದಕ್ಕೆ ಹಾಕೋ ಹಂತ, ಯಾಕಂದ್ರೆ ಮಾತಾಡೋಕೆ ಮುಜುಗರ. ಊರಲ್ಲಿ ರೊಟ್ಟಿ ಬಡಿದೇ ಜೀವನ ಮಾಡೋರು ಇರ್ತಾರೆ, ನೂರಕ್ಕೆ ಇಷ್ಟು ಅಂತ ಕೂಲಿ ತಗೊಳ್ಳೋರು, ಬಹಳ ಕಡೆ ವಿಧವೆಯರು, ಜಮೀನಿಲ್ಲದೋರು. ಮಷೀನು ಬಂದ ದಿನ ಮೊದಲು ಹೋಗೋದು ಅವರ ಕೆಲ್ಸ. ಹಂಗಾಗಿ ಮೊದಲನೇ ಠರಾವು ಇದಾಗ್ಲಿ: ಈಗ ಕೂಲಿಗೆ ರೊಟ್ಟಿ ಬಡಿಯೋರು ಯಾರ್ಯಾರು, ಅವರು ಸಂಘದಲ್ಲಿ ಇದ್ದಾರಾ, ಇಲ್ಲ ಅಂದ್ರೆ ಮೊದಲು ಅವರನ್ನ ಸೇರಿಸ್ಕೊಳ್ಳಿ. ಸುಡೋದು, ನಾದೋದು, ಪ್ಯಾಕಿಂಗು ಕೈಕೆಲ್ಸವಾಗೇ ಉಳೀತದೆ, ಅದರ ಕೂಲಿ ಎಷ್ಟು, ಲಾಭದಲ್ಲಿ ಪಾಲು ಎಷ್ಟು ಅಂತ ಬೇರೆ ಬೇರೆ ಬರೀರಿ. ಕೂಲಿನೂ ಲಾಭಾನೂ ಒಂದೇ ಡಬ್ಬಿಗೆ ಹಾಕಿದ್ರೆ ದಿನಾ ಬಂದು ಹೊಗೆ ಕುಡಿಯೋಳಿಗೂ ತಿಂಗಳಿಗೊಮ್ಮೆ ಸಹಿ ಹಾಕೋಳಿಗೂ ಒಂದೇ ಆಗ್ತದೆ, ಆಮೇಲೆ ಜಗಳ ಗ್ಯಾರಂಟಿ.

ಮಷೀನು, ಪ್ಯಾನೆಲ್ಲು ಎರಡರ ಬಿಲ್ಲೂ ಸಂಘದ ಅಥವಾ ಒಕ್ಕೂಟದ ಹೆಸರಲ್ಲೇ ಇರ್ಬೇಕು. ಜಾಗ ಅಧ್ಯಕ್ಷೆಯ ಮನೆ ಆಗೋದು ಬೇಡ. ಅವರು ಒಳ್ಳೇಯವರೇ ಇರ್ಬೋದು, ಆದ್ರೆ ಮನೆ ಅಂದ್ಮೇಲೆ ಮಾವ ಇರ್ತಾರೆ, ಮೈದುನ ಇರ್ತಾನೆ, ಹಬ್ಬ ಹುಣ್ಣಿಮೆ ಅಂತ ಬಾಗಿಲು ಹಾಕಿರ್ತದೆ. ಪಂಚಾಯ್ತಿಯ ಖಾಲಿ ಕಟ್ಟಡ ಕೇಳಿ, ಪಿಡಿಒ ಅವರಿಂದ ಎಷ್ಟು ವರ್ಷಕ್ಕೆ ಅಂತ ಬರವಣಿಗೇಲಿ ತಗೊಳ್ಳಿ, ಬಾಯಿಮಾತು ಅಂದ್ರೆ ಸದಸ್ಯರು ಬದಲಾದ್ರೆ ಹೋಯ್ತು. ಬಾಡಿಗೆ ಜಾಗ ಆದ್ರೆ ಸ್ಟಾಂಪ್ ಪೇಪರ್ ಕರಾರು, ಕಡೇಪಕ್ಷ ಸಾಲ ತೀರೋವರೆಗೆ.

ಊರೋರನ್ನ ಕೇಳಿ ಮಾಡೋದು ಅನ್ನೋದು ಬರೀ ಮೀಟಿಂಗ್ ನಡೆಸಿ ಫೋಟೋ ತೆಗ್ಯೋದಲ್ಲ. ಕುಣಿಗಲ್ ತಾಲೂಕಿನ ಪುರ ಅನ್ನೋ ಹಳ್ಳೀಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯ ಅಸ್ತ್ರ ಕೇಂದ್ರದೋರು (1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ್ದು) ಸಗಣಿ ಗ್ಯಾಸನ್ನ ಅಡುಗೆಗೆ ಕೊಡೋಕೆ ಹೋದಾಗ ಅದು ನಡೀಲಿಲ್ಲ, ಎಲ್ಲಾ ಮನೆಗೆ ಸಾಲೋವಷ್ಟು ಸಗಣಿ ಇರ್ಲಿಲ್ಲ, ಜನಕ್ಕೆ ಮೊದಲು ಬೇಕಾಗಿದ್ದು ಕುಡಿಯೋ ನೀರು. 1987ರಿಂದ ಅದೇ ಗ್ಯಾಸಲ್ಲಿ ಎಂಜಿನ್ ಓಡಿಸಿ ನೀರು ಎತ್ತಿ ಲೈಟ್ ಕೊಟ್ರು, ಸಗಣಿ ತಂದು ಹಾಕಿದೋರಿಗೆ ಗೊಬ್ಬರ ವಾಪಸ್ಸು, ಜೊತೆಗೆ ಕಿಲೋಗೆ ಇಷ್ಟು ಅಂತ ಕೈಗೆ ಕಾಸು, ವಸೂಲಿ ಲೆಕ್ಕ ಎಲ್ಲಾ ಊರಿನ ಸಮಿತೀದೇ. ವರ್ಷಗಟ್ಲೆ ನಡೀತು. ನನ್ನ ಪ್ರಕಾರ ಅಲ್ಲಿ ಅತಿ ಜಾಣ ಭಾಗ ಎಂಜಿನ್ ಅಲ್ಲ, ಸಗಣಿ ಹೊತ್ತವರಿಗೆ ಕೊಟ್ಟ ಆ ಚಿಲ್ಲರೆ ಕಾಸು.

ಹಂತ 3: ಯಾವುದಕ್ಕೆ ಬಿಸಿಲು, ಯಾವುದಕ್ಕೆ ಬೆಂಕಿ

ಸೋಲಾರ್ ಕರೆಂಟು ಮೋಟಾರು ತಿರುಗಿಸೋಕೆ ಚೆಂದ, ಹಂಚು ಕಾಯಿಸೋಕೆ ದುಬಾರಿ. 2 ಕಿಲೋವ್ಯಾಟಿನ ಎಲೆಕ್ಟ್ರಿಕ್ ಹಂಚು 6 ತಾಸು ಉರಿದ್ರೆ 12 ಯುನಿಟ್ಟು. ನಮ್ಮ ಕಡೆ 1 ಕಿಲೋವ್ಯಾಟ್ ಪ್ಯಾನೆಲ್ಲು ದಿನಕ್ಕೆ ಸರಾಸರಿ 4 ಯುನಿಟ್ ಕೊಡ್ತದೆ, ಅಂದ್ರೆ ಬರೀ ಹಂಚಿಗೇ 3 ಕಿಲೋವ್ಯಾಟ್ ಮೇಲೆ ಬೇಕು, ಮೋಡ ಇದ್ರೆ ಅದೂ ಸಾಲಲ್ಲ. ಹಂಗಾಗಿ ಒತ್ತೋದು ಸೋಲಾರಲ್ಲಿ, ಸುಡೋದು ಗ್ಯಾಸಲ್ಲೋ ಚಿಮಣಿ ಇರೋ ಒಲೆಯಲ್ಲೋ. ಅದೇ ಅಸ್ತ್ರ ಕೇಂದ್ರದ ವಿನ್ಯಾಸದ ಅಸ್ತ್ರ ಒಲೆ ಕಟ್ಟೋರು ಕೆಲವು ಊರಲ್ಲಿ ಈಗ್ಲೂ ಸಿಗ್ತಾರೆ, ಹೊಗೆ ಹೊರಗೆ ಹೋಗ್ತದೆ, ಕಟ್ಟಿಗೆ ಕಮ್ಮಿ ಸಾಕು. "ಎಲ್ಲಾ ಸೋಲಾರ್ ಮೇಲೇ ನಡೀತದ್ರೀ" ಅನ್ನೋ ಡೀಲರ್‌ಗೆ ಹಂಚಿನ ವ್ಯಾಟು ಕೇಳಿ ನೋಡಿ, ಅರ್ಧ ಮಾತು ಅಲ್ಲೇ ನಿಲ್ತದೆ.

ಈಗ ಮೋಟಾರಿನ ಲೆಕ್ಕ. ಅರ್ಧ ಎಚ್‌ಪಿ ಅಂದ್ರೆ ಸುಮಾರು 370 ವ್ಯಾಟ್, ದಿನಕ್ಕೆ 5 ತಾಸು ಓಡಿದ್ರೆ 1.85 ಯುನಿಟ್, ವೈರು, ಬ್ಯಾಟರಿ, ಧೂಳು ಅಂತ ಸೋರಿಕೆ ಸೇರಿಸಿ ಎರಡೂವರೆ ಅಂತ ಇಟ್ಕೊಳ್ಳಿ. 1 ಕಿಲೋವ್ಯಾಟ್ ಪ್ಯಾನೆಲ್ ಆರಾಮಾಗಿ ಸಾಕು, ಮೋಡದ ದಿನಕ್ಕೂ ಸ್ವಲ್ಪ ಉಳೀತದೆ. ಡಿಸಿ ಮೋಟಾರಿನ ಮಷೀನ್ ಸಿಕ್ರೆ ಅದನ್ನೇ ತಗೊಳ್ಳಿ. ಮಾಮೂಲಿ ಎಸಿ ಮೋಟಾರು ಸ್ಟಾರ್ಟ್ ಆಗೋ ಗಳಿಗೇಲಿ ನಾಲ್ಕೈದು ಪಟ್ಟು ಕರೆಂಟು ಎಳೀತದೆ, ಅದನ್ನ ತಡ್ಕೊಳ್ಳೋಕೆ ದೊಡ್ಡ ಇನ್ವರ್ಟರ್ ಬೇಕು, ದುಡ್ಡು ಅಲ್ಲೇ ಹೋಗೋದು. ಗಿರಣೀನೂ ಇದರ ಮೇಲೇ ಹಾಕೋಣ ಅಂತ ಯಾರಾದ್ರೂ ಅಂದ್ರೆ ಈಗ ಬೇಡ ಅನ್ನಿ, ಅದಕ್ಕೆ ಮೂರು ಎಚ್‌ಪಿ ಬೇಕಾಗ್ಬೋದು, ಅದು ಬೇರೇನೇ ಪ್ರಾಜೆಕ್ಟು.

ಬ್ಯಾಟರಿ ಬೇಕಾ? ನಿಮ್ಮೂರಿಗೆ ನಿರಂತರ ಜ್ಯೋತಿ ಲೈನಲ್ಲಿ (ಪಂಪ್‌ಸೆಟ್ಟಿಂದ ಬೇರೆ ಮಾಡಿ ಮನೆಗಳಿಗೆ ಕೊಟ್ಟ ಲೈನು) ಸಿಂಗಲ್ ಫೇಸ್ ಕರೆಂಟು ನಿಜವಾಗ್ಲೂ ಇರ್ತದಾ ನೋಡಿ. ಹದಿನೈದು ದಿನ ಕರೆಂಟು ಹೋದ ಹೊತ್ತು ಬಂದ ಹೊತ್ತು ಗೋಡೆ ಮೇಲೆ ಬರೆದಿಡಿ. ಸರಿಯಾಗಿ ಇರ್ತದೆ ಅಂದ್ರೆ ಚಿಕ್ಕ ಬ್ಯಾಟರಿ ಸಾಕು, ಬಿಸಿಲಿರೋ ಹೊತ್ತಲ್ಲೇ ಒತ್ತೋ ಕೆಲ್ಸ ಮುಗಿಸ್ಕೊಂಡ್ರೆ ಇನ್ನೂ ಒಳ್ಳೇದು. ಬ್ಯಾಟರಿನೇ ಈ ಸಿಸ್ಟಮ್ಮಲ್ಲಿ ಬೇಗ ಸಾಯೋದು, ಪ್ಯಾನೆಲ್ ಇಪ್ಪತ್ತೈದು ವರ್ಷ ಬಂದ್ರೆ ಟ್ಯೂಬುಲರ್ ಬ್ಯಾಟರಿ ನಾಲ್ಕೈದು ವರ್ಷ, ಅದೂ ಡಿಸ್ಟಿಲ್ಡ್ ವಾಟರ್ ನೋಡ್ಕೊಂಡ್ರೆ.

ಪ್ಯಾನೆಲ್ಲು ದಕ್ಷಿಣಕ್ಕೆ ಮುಖ, ಕಲಬುರಗಿ ವಿಜಯಪುರ ಕಡೆ ಹದಿನೈದು ಹದಿನೇಳು ಡಿಗ್ರಿ ಓರೆ. ಬೇವಿನ ಮರದ ನೆರಳು ಒಂದು ಮೂಲೇಗೆ ಬಿದ್ರೂ ಕರೆಂಟು ಚೆನ್ನಾಗೇ ಇಳೀತದೆ. ಹಂಚಿನ ಹೊಗೆ ಹೋಗೋ ದಿಕ್ಕಿಗೆ ಪ್ಯಾನೆಲ್ ಹಾಕಬೇಡಿ, ಮಸಿ ಕೂತ್ಕೋತದೆ. ತೊಳೆಯೋದು ಬೆಳಿಗ್ಗೆ ಬೇಗ, ಮಧ್ಯಾಹ್ನ ಕಾದ ಗಾಜಿನ ಮೇಲೆ ತಣ್ಣೀರು ಸುರಿದ್ರೆ ಬಿರುಕು ಬಿಡೋ ಚಾನ್ಸಿದೆ. ಅರ್ಥಿಂಗ್ ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ, ಒದ್ದೆ ಕೈಯ ಕೆಲ್ಸ ಇದು.

ಹಂತ 4: ದುಡ್ಡು

ಇಲ್ಲಿ ಎರಡು ಸ್ಕೀಮ್ ಕಲಸಿ ಹೇಳೋರಿದ್ದಾರೆ. ಪಿಎಂ ಸೂರ್ಯ ಘರ್‌ನಲ್ಲಿ ಸಿಗೋ 78,000 ರೂಪಾಯಿವರೆಗಿನ ಸಬ್ಸಿಡಿ ವಾಸದ ಮನೆ ಮೀಟರಿಗೆ, ನಿಮ್ಮ ರೊಟ್ಟಿ ಘಟಕಕ್ಕಲ್ಲ. ನಿಮಗೆ ಹೊಂದೋದು ಪಿಎಂಎಫ್‌ಎಂಇ, ಸಣ್ಣ ಆಹಾರ ಘಟಕಗಳಿಗೆ ಅಂತ 2020ರಲ್ಲಿ ಬಂದಿದ್ದು, ಕೇಂದ್ರದ್ದು 35 ಪರ್ಸೆಂಟು, ಕರ್ನಾಟಕದೋರು ಮೇಲೆ 15 ಸೇರಿಸಿ 50 ಪರ್ಸೆಂಟ್ ಮಾಡಿದ್ರು. ರಾಜ್ಯದಲ್ಲಿ ಇದನ್ನ ನೋಡ್ಕೊಳ್ಳೋದು ಕೆಪೆಕ್, ಅಂದ್ರೆ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ. ಕೃಷಿ ಇಲಾಖೆಗೆ ಹೋಗಿ ಈ ವರ್ಷ ಚಾಲ್ತಿಯಲ್ಲಿದೆಯಾ ಕೇಳಿ, ಜಿಲ್ಲಾ ಸಂಪನ್ಮೂಲ ವ್ಯಕ್ತಿಯ ನಂಬರ್ ತಗೊಳ್ಳಿ, ಡಿಪಿಆರ್ (ಯೋಜನೆಯ ಪೂರ್ತಿ ವರದಿ) ಬರೆದು ಅರ್ಜಿ ಹಾಕಿಸೋದು ಅವರ ಕೆಲ್ಸ, ಅದಕ್ಕೆ ಸ್ಕೀಮಿಂದಲೇ ಅವರಿಗೆ ದುಡ್ಡು ಹೋಗ್ತದೆ, ನೀವು ಕೈ ಬಿಸಿ ಮಾಡ್ಬೇಕಾಗಿಲ್ಲ. ಪ್ಯಾನೆಲ್ ಬ್ಯಾಟರಿನೂ ಯಂತ್ರದ ಖರ್ಚಲ್ಲಿ ಸೇರ್ತದಾ ಅಂತ ಬರವಣಿಗೇಲಿ ಖಾತ್ರಿ ಮಾಡ್ಕೊಳ್ಳಿ. ಇನ್ನೊಂದು, ಸಬ್ಸಿಡಿ ಕೈಗೆ ಬರೋ ದುಡ್ಡಲ್ಲ, ಸಾಲ ಮಂಜೂರಾದ ಮೇಲೆ ಬ್ಯಾಂಕಲ್ಲೇ ಮೂರು ವರ್ಷ ಇದ್ದು ಸಾಲಕ್ಕೆ ವಜಾ ಆಗ್ತದೆ, ಮೊದಲು ನೀವು 10 ಪರ್ಸೆಂಟ್ ಹಾಕ್ಬೇಕು.

ಲೆಕ್ಕಕ್ಕೆ ಅಂತ ಎಲ್ಲಾ ಸೇರಿ 3 ಲಕ್ಷ ಇಟ್ಕೊಳ್ಳಿ, ಪೂರ್ತಿಗೆ ಸಬ್ಸಿಡಿ ಸಿಕ್ತು ಅಂತಾನೂ ಇಟ್ಕೊಳ್ಳಿ. ನಿಮ್ಮದು 30,000, ಸಬ್ಸಿಡಿ ಒಂದೂವರೆ ಲಕ್ಷ, ನಿಜವಾಗಿ ತೀರಿಸ್ಬೇಕಾದ್ದು 1,20,000. 11 ಪರ್ಸೆಂಟ್ ಬಡ್ಡೀಲಿ ಮೂರು ವರ್ಷಕ್ಕೆ ತಿಂಗಳ ಕಂತು ಹತ್ತಿರತ್ತಿರ 4,000. ಬ್ಯಾಟರಿ ಬದಲಾಯಿಸೋಕೆ ತಿಂಗಳಿಗೆ 500 ಬೇರೆ ಎತ್ತಿಡಿ. ದಿನಕ್ಕೆ 400 ರೊಟ್ಟಿ, ತಿಂಗಳಿಗೆ 25 ದಿನ ಅಂದ್ರೆ 10,000 ರೊಟ್ಟಿ, ಒಂದು ರೊಟ್ಟಿ ಮೇಲೆ ಬರೋ ಭಾರ 45 ಪೈಸೆ. ಜೋಳ, ಗ್ಯಾಸು, ಕೂಲಿ ಕಳೆದು ರೊಟ್ಟಿಗೆ 45 ಪೈಸೆ ಉಳಿಯುತ್ತಾ? ಹಂತ 1ರ ಬುಕ್ಕು ತೆಗೆದು ನೋಡಿ. 400ರ ಬದಲು 200 ಹೋದ್ರೆ ಅದೇ ಭಾರ 90 ಪೈಸೆ ಆಗ್ತದೆ, ಅಲ್ಲಿಗೆ ಮಷೀನ್ ಬೇಡ, ಇನ್ನೊಂದು ಸಂಘ ಜೊತೆ ಸೇರಿಸ್ಕೊಳ್ಳಿ.

ಕಂತನ್ನ ತಿಂಗಳ ಕೊನೇಗೆ ಹೊಂದಿಸೋಕೆ ಹೋಗ್ಬೇಡಿ. 1995ರಲ್ಲಿ ಬೆಂಗಳೂರಲ್ಲಿ ಸೆಲ್ಕೋ ಅನ್ನೋ ಸೋಲಾರ್ ಕಂಪನಿ ಶುರು ಮಾಡಿದ, 2011ರಲ್ಲಿ ಮ್ಯಾಗ್ಸೆಸೆ ಬಂದ ಹರೀಶ್ ಹಂದೆಯವರು ಯಾವಾಗ್ಲೂ ಹೇಳೋ ವಿಷಯ ಇದು, ಬೀದಿ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಭಾರ, ದಿನಕ್ಕೆ 10 ರೂಪಾಯಿ ಹಗುರ. ನಿಮ್ಮ ಲೆಕ್ಕದಲ್ಲಿ ದಿನಕ್ಕೆ 180 ರೂಪಾಯಿ ಆಗ್ತದೆ, ಸಂಜೆ ಬಾಗಿಲು ಹಾಕೋ ಮುಂಚೆ ಎಂಬಿಕೆ (ಒಕ್ಕೂಟದ ಲೆಕ್ಕ ಬರೆಯೋರು) ಕೈಗೆ ಹೋಗ್ಲಿ, ಬೇರೇ ಖಾತೆಗೆ ಬೀಳ್ಲಿ. ಗ್ರಾಮೀಣ ಬ್ಯಾಂಕಿನ ಮ್ಯಾನೇಜರ್ ಹತ್ರ ಕಂತಿನ ಮಾತಾಡುವಾಗ ಮಳೆಗಾಲದ ಎರಡು ತಿಂಗಳು ಕಮ್ಮಿ, ಮದುವೆ ಸೀಸನ್ನಲ್ಲಿ ಜಾಸ್ತಿ ಮಾಡೋಕಾಗ್ತದಾ ಕೇಳಿ. ಸಂಘದ ಸಾಲಕ್ಕೆ 10 ಲಕ್ಷದವರೆಗೆ ಜಾಮೀನು ಕೇಳೋ ಹಾಗಿಲ್ಲ ಅಂತ ಆರ್‌ಬಿಐ ನಿಯಮ ಇದೆ, ಯಾರದ್ದೋ ಪಹಣಿ ತನ್ನಿ ಅಂದ್ರೆ ಇದನ್ನ ನೆನಪು ಮಾಡಿ, ಗಟ್ಟಿಯಾಗಿ ಅಲ್ಲ, ಆದ್ರೆ ಮಾಡಿ.

ಹಂತ 5: ಕೆಟ್ರೆ ಯಾರು ಬರ್ತಾರೆ

ಕೊಟೇಶನ್ ಮೂರು ತಗೊಳ್ಳಿ, ಅತಿ ಕಮ್ಮೀದನ್ನ ಕಣ್ಮುಚ್ಚಿ ಆರಿಸ್ಬೇಡಿ. ಸರ್ವಿಸ್ ಹುಡುಗ ಯಾವ ಊರಲ್ಲಿ ಇರ್ತಾನೆ ಅನ್ನೋದೇ ನನ್ನ ಲೆಕ್ಕದಲ್ಲಿ ರೇಟಿಗಿಂತ ದೊಡ್ಡದು. ತಾಲೂಕಲ್ಲಿದ್ರೆ ಸರಿ, ಹುಬ್ಬಳ್ಳಿಯಿಂದ ಬರ್ಬೇಕು ಅಂದ್ರೆ ಶ್ರಾವಣದ ಆರ್ಡರ್ ಹೋಯ್ತು ಅಂತಲೇ. ಒಪ್ಪಂದದಲ್ಲಿ ಇಷ್ಟು ಬರೆಸಿ: ಫೋನ್ ಮಾಡಿ ಎಷ್ಟು ತಾಸಲ್ಲಿ ಬರ್ತಾರೆ, ಎಎಂಸಿ (ವರ್ಷದ ನಿರ್ವಹಣೆ ಕರಾರು) ಎಷ್ಟು, ಬೆಲ್ಟು ಬೇರಿಂಗು ಊರ ಅಂಗಡೀಲಿ ಸಿಗೋ ಸೈಜಿಂದೇ ಹಾಕಿದ್ದಾರಾ. ಕೊನೇ ಹತ್ತು ಪರ್ಸೆಂಟ್ ದುಡ್ಡು ಒಂದು ತಿಂಗಳು ಓಡಿದ ಮೇಲೆ ಕೊಡ್ತೀವಿ ಅನ್ನಿ, ಒಪ್ಪದೇ ಇದ್ರೆ ಯಾಕೆ ಅಂತ ಯೋಚ್ನೆ ಮಾಡಿ.

ಸಂಘದಲ್ಲಿ ಇಬ್ಬರಾದ್ರೂ ಫ್ಯೂಸ್ ಹಾಕೋದು, ಎಂಸಿಬಿ ಎತ್ತೋದು, ಬೆಲ್ಟ್ ಬಿಗಿ ಮಾಡೋದು ಕಲೀಲಿ, ಕಲಿಸೋದು ಕಂಪನಿಯ ಕೆಲ್ಸ ಅಂತ ಒಪ್ಪಂದದಲ್ಲೇ ಸೇರಿಸಿ. ಆ ಇಬ್ಬರಿಗೆ ತಿಂಗಳಿಗೆ ಏನಾದ್ರೂ ಎಕ್ಸ್‌ಟ್ರಾ ಕೊಡಿ, ಪುಕ್ಕಟೆ ಸೇವೆ ಆರು ತಿಂಗಳಿಗಿಂತ ಜಾಸ್ತಿ ನಡೆಯೋದಿಲ್ಲ.

ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ) ರಿಜಿಸ್ಟ್ರೇಶನ್ ಮಾಡಿಸ್ಕೊಂಡು ನಂಬರ್ ಪಾಕೀಟಿನ ಮೇಲೆ ಹಾಕಿ, ತಯಾರಾದ ದಿನಾಂಕನೂ ಹಾಕಿ. ಸಾಲದ ಅರ್ಜಿ ಜೊತೆ ಸಂಘದ ಠರಾವು, ಆರು ತಿಂಗಳ ಪಾಸ್‌ಬುಕ್, ಜಾಗದ ಕರಾರು, ಮೂರು ಕೊಟೇಶನ್, ಆಮೇಲೆ ಹಂತ 1ರಲ್ಲಿ ಬರೆದ ಮಾರಾಟದ ಬುಕ್ಕಿನ ಝೆರಾಕ್ಸ್ ಇಡಿ. ಕೊನೇದನ್ನ ಯಾರೂ ಕೇಳೋದಿಲ್ಲ, ಆದ್ರೂ ಇಡಿ, ಮ್ಯಾನೇಜರ್ ಮೊದಲು ತಿರುವಿ ನೋಡೋದು ಅದನ್ನೇ.