ಪಾಸ್‌ವರ್ಡ್‌ಗೆ ಬೀಗ ಬೇಡ, ಹ್ಯಾಶ್ ಬೇಕು

ದಾವಣಗೆರೆಯ ಒಂದು ಅಂಗಡಿಗೆ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬಿಲ್ಲಿಂಗ್ ತಂತ್ರಾಂಶ ಬರೆದುಕೊಟ್ಟಾಗ ಪಾಸ್‌ವರ್ಡ್‌ಗಳನ್ನು ಇದ್ದ ಹಾಗೇ ಟೇಬಲ್‌ನಲ್ಲಿ ಇಟ್ಟಿದ್ದೆ. ಒಂದು ಸಂಜೆ ಬ್ಯಾಕಪ್ ತೆರೆದರೆ ಹನ್ನೊಂದು ಜನರ ಗುಟ್ಟು ಸಾಲಾಗಿ ನಿಂತಿತ್ತು. ಒಬ್ಬರದು ಮಗಳ ಹೆಸರು. ಅವರ ಮೇಲ್‌ಗೂ ಇದೇ ಇದ್ದರೆ? ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಎನ್‌ಕ್ರಿಪ್ಟ್ ಮಾಡಿದರೆ, ಅಂದರೆ ಕೀಲಿಯಿಂದ ಬೀಗ ಹಾಕಿದರೆ, ಸಾಲದು. ಕೀಲಿಯೂ ಸಾಮಾನ್ಯವಾಗಿ ಅದೇ ಸರ್ವರ್‌ನಲ್ಲೇ ಇರುತ್ತದೆ. ಬೇಕಾದ್ದು ಹ್ಯಾಶ್, ಅಂದರೆ ಪಾಸ್‌ವರ್ಡನ್ನು ಮತ್ತೆ ಮೊದಲಿನಂತಾಗದ ಅಕ್ಷರಸಾಲಾಗಿ ಬದಲಿಸುವುದು: ಹಿಟ್ಟಾದ ರಾಗಿ ಮತ್ತೆ ಕಾಳಾಗದು. ಎಂಡಿ5, ಶಾ1 ಎಂಬ ಹಳೆಯ ಹ್ಯಾಶ್ ವಿಧಾನಗಳು ಬೇಡವೇ ಬೇಡ. ಊಹಿಸಿದ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಹ್ಯಾಶ್ ಮಾಡಿ ನೋಡುವ ಕಳ್ಳನಿಗೆ ಅವುಗಳ ವೇಗವೇ ಅನುಕೂಲ.

2013ರ ಪಿಎಚ್‌ಪಿ 5.5ರಿಂದಲೂ ಪಾಸ್‌ವರ್ಡ್_ಹ್ಯಾಶ್ ಎಂಬ ಫಂಕ್ಷನ್ ಇದೆ. ಬಳಕೆದಾರರು ಟೈಪ್ ಮಾಡಿದ್ದನ್ನೂ ಪಾಸ್‌ವರ್ಡ್_ಡಿಫಾಲ್ಟ್ ಎಂಬುದನ್ನೂ ಅದಕ್ಕೆ ಕೊಡಿ. ಸಾಲ್ಟ್, ಅಂದರೆ ಪ್ರತಿ ಸಲ ಬದಲಾಗುವ ಯಾದೃಚ್ಛಿಕ ಅಕ್ಷರಗಳನ್ನು, ಅದೇ ಬೆರೆಸಿಕೊಳ್ಳುತ್ತದೆ. ಈಗಿನ ಡಿಫಾಲ್ಟ್ ವಿಧಾನವಾದ ಬಿಕ್ರಿಪ್ಟ್‌ನ ಹ್ಯಾಶ್ 60 ಅಕ್ಷರ, ಆದರೂ ಕಾಲಂ 255 ಇರಲಿ. ಮುಂದೆ ಡಿಫಾಲ್ಟ್ ಬದಲಾದೀತು. ಲಾಗಿನ್‌ನಲ್ಲಿ ಮತ್ತೆ ಹ್ಯಾಶ್ ಮಾಡಿ ಹೋಲಿಸಿದರೆ ಹೊಂದುವುದಿಲ್ಲ, ಪ್ರತಿ ಸಲ ಸಾಲ್ಟ್ ಬೇರೆ. ಅಲ್ಲಿ ಪಾಸ್‌ವರ್ಡ್_ವೆರಿಫೈ ಬಳಸಿ.

ಕನ್ನಡದಲ್ಲಿ ಪಾಸ್‌ವರ್ಡ್ ಬರೆಯುವವರಿಗಾಗಿ ಒಂದು ಮಾತು ಹೇಳಲೇಬೇಕು. ಬಿಕ್ರಿಪ್ಟ್ ಮೊದಲ 72 ಬೈಟ್ ಮಾತ್ರ ನೋಡುತ್ತದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಅಕ್ಷರ, ಸ್ವರಚಿಹ್ನೆ, ಒತ್ತಕ್ಷರ ಬರೆಯಲು ಬಳಸುವ ವಿರಾಮ (್) ಪ್ರತಿಯೊಂದಕ್ಕೂ 3 ಬೈಟ್. ‘ದುರ್ಗ’ ಎಂಬ ಪುಟ್ಟ ಪದಕ್ಕೇ 15! ಉದ್ದ ಸಾಲು ಕೊಟ್ಟರೆ ಬಾಲ ಲೆಕ್ಕಕ್ಕಿಲ್ಲ. ಹಾಗಾಗಿ ನಾನು ಪಿಎಚ್‌ಪಿಯ ಸ್ಟ್ರ್‌ಲೆನ್ ಫಂಕ್ಷನ್‌ನಿಂದ ಬೈಟ್ ಎಣಿಸಿ, 72 ದಾಟಿದರೆ ಮೊದಲೇ ತಿಳಿಸುತ್ತೇನೆ.

ಹಳೆಯ ಟೇಬಲ್ ಇದ್ದರೆ ಎಲ್ಲವನ್ನೂ ಒಂದೇ ಸಲ ಹ್ಯಾಶ್ ಮಾಡಿ, ಹಳೆಯ ಕಾಲಂ ಅಳಿಸಿ. ಪೆನ್‌ಡ್ರೈವ್‌ನಲ್ಲಿರುವ ಬ್ಯಾಕಪ್‌ಗಳನ್ನೂ.