ಮಗ್ಗದ ಮನೆಯಿಂದ ಇಂಟರ್‌ನ್ಯಾಷನಲ್ ಬಿಸಿನೆಸ್ ಕ್ಲಾಸಿಗೆ: ನನ್ನ ಅನುಭವ

ನಮ್ಮ ಮನೆ ಬೆಂಗಳೂರಿನ ಕಬ್ಬನ್‌ಪೇಟೆಯಲ್ಲಿದೆ. ಕೆಳಗೆ ಎರಡು ಪವರ್‌ಲೂಮ್, ಮೇಲೆ ನಾವು. ಪಿಯುಸಿ ಮುಗಿದಾಗ ನಾನು ಬಿಕಾಂ ಸೇರುತ್ತೇನೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ನಾನು ಇಂಟರ್‌ನ್ಯಾಷನಲ್ ಬಿಸಿನೆಸ್ ಮತ್ತು ಎಕನಾಮಿಕ್ಸ್ ಡಿಗ್ರಿ ತಗೊಂಡೆ. ಅದಕ್ಕೆ ನನ್ನ ಹತ್ತಿರ ಇದ್ದ ಕಾರಣ ಒಂದೇ. ಅಪ್ಪ ನೇಯುವ ರೇಷ್ಮೆ ಸೀರೆಯ ಹಾಸಿಗೆ, ಅಂದರೆ ಉದ್ದದ ಎಳೆಗೆ, ಬರುವ ನೂಲಿನ ಪ್ಯಾಕೆಟ್ ಮೇಲೆ ಚೀನೀ ಅಕ್ಷರ ಇರುತ್ತಿತ್ತು. ಶಿಡ್ಲಘಟ್ಟ ಇಲ್ಲೇ ಪಕ್ಕದಲ್ಲಿದೆ, ಬೆಳಿಗ್ಗೆ ಬಸ್ ಹತ್ತಿದರೆ ಸಂಜೆಗೆ ಹೋಗಿ ಬರಬಹುದು. ನನ್ನ ಸೋದರಮಾವ ಅಲ್ಲಿ ನೂಲು ಬಿಚ್ಚಾಣಿಕೆ ಮಾಡುತ್ತಾರೆ, ಅಂದರೆ ಒಲೆ ಹಚ್ಚಿ ರೇಷ್ಮೆ ಗೂಡು ಬೇಯಿಸಿ ಎಳೆ ತೆಗೆಯುತ್ತಾರೆ. ಹಾಗಿದ್ದರೂ ಸಮುದ್ರ ದಾಟಿದ ನೂಲು ನಮ್ಮ ಮಗ್ಗಕ್ಕೆ ಯಾಕೆ ಬರಬೇಕು? ಇದು ನನಗೆ ತಿಳಿಯಬೇಕಿತ್ತು.

ಈಗ ಮೂರನೇ ಸೆಮಿಸ್ಟರ್. ಈ ವರ್ಷ ಸೇರುವವರು ಬಂದು ಕೇಳುತ್ತಾರೆ, ಅಕ್ಕ, ಹೇಗಿದೆ ಕೋರ್ಸು ಅಂತ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸಿಲಬಸ್ ಓದಿ. ಒಂದೇ ಹೆಸರಿನ ಕೋರ್ಸು ಒಂದು ಕಾಲೇಜಿನಲ್ಲಿ ಮುಕ್ಕಾಲು ಪಾಲು ಬಿಬಿಎ ಆಗಿರುತ್ತದೆ, ಇನ್ನೊಂದರಲ್ಲಿ ಮುಕ್ಕಾಲು ಪಾಲು ಅರ್ಥಶಾಸ್ತ್ರ. ಎಕನಾಮಿಕ್ಸ್ ಪೇಪರ್ ಎಷ್ಟಿವೆ, ಸ್ಟ್ಯಾಟಿಸ್ಟಿಕ್ಸ್ ಎಷ್ಟು ಸೆಮಿಸ್ಟರ್ ಇದೆ, ರಫ್ತು ಆಮದಿನ ಕಾಗದಪತ್ರದ ಪಾಠ ಇದೆಯಾ, ಇಷ್ಟು ನೋಡಿದರೆ ಸಾಕು. ನಾನು ಅರ್ಜಿ ಹಾಕುವಾಗ ಇದನ್ನು ನೋಡಿರಲಿಲ್ಲ. ಅಡ್ಮಿಷನ್ ಕೌಂಟರಿನಲ್ಲಿ ಕೇಳಿದ್ದಕ್ಕೆ ಮ್ಯಾಥ್ಸ್ ಜಾಸ್ತಿ ಇಲ್ಲಮ್ಮ ಅಂದರು. ನಾನು ಪಿಯುಸಿಯಲ್ಲಿ ಹೆಬಾ ಓದಿದವಳು, ಅಂದರೆ ಹಿಸ್ಟರಿ, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ. ಮ್ಯಾಥ್ಸ್ ಮುಟ್ಟಿ ಎರಡು ವರ್ಷ ಆಗಿತ್ತು. ಮೂರನೇ ವಾರಕ್ಕೇ ಬೋರ್ಡ್ ಮೇಲೆ ಡಿಫರೆನ್ಸಿಯೇಷನ್ ಬಂತು. ಮೊದಲ ಟೆಸ್ಟಿನಲ್ಲಿ 30ಕ್ಕೆ 9 ಬಂದವು. ಆ ರಾತ್ರಿ ಕೋರ್ಸ್ ಬಿಟ್ಟುಬಿಡುವ ಯೋಚನೆಯೂ ಬಂದಿತ್ತು.

ಮರುದಿನ ಅವೆನ್ಯೂ ರೋಡಿಗೆ ಹೋಗಿ ಪಿಯುಸಿಯ ಬೇಸಿಕ್ ಮ್ಯಾಥ್ಸ್ ಪುಸ್ತಕ ಹಳೆಯದೊಂದು ತಂದೆ. ದಿನಾ ಬೆಳಿಗ್ಗೆ ಒಂದು ಗಂಟೆ, ಮಗ್ಗ ಶುರುವಾಗುವ ಮುಂಚೆ. ಇಡೀ ಪುಸ್ತಕ ಬೇಕಾಗಲಿಲ್ಲ. ಅನುಪಾತ, ಸರಳರೇಖೆಯ ಇಳಿಜಾರು, ಡಿಫರೆನ್ಸಿಯೇಷನ್, ಈ ಮೂರು ಗಟ್ಟಿ ಮಾಡಿಕೊಂಡೆ. ಮೊದಲ ವರ್ಷ ನನ್ನನ್ನು ದಾಟಿಸಿದ್ದು ಈ ಮೂರೇ. ಈಗ ಪಿಯುಸಿ ರಜೆಯಲ್ಲಿ ಇರುವವರು ದಯವಿಟ್ಟು ಇದನ್ನು ಈಗಲೇ ಶುರು ಮಾಡಿ.

ಇಂಗ್ಲಿಷಿನದು ಇನ್ನೊಂದು ಕಷ್ಟ. ಹತ್ತನೇ ತರಗತಿಯವರೆಗೆ ನಾನು ಕನ್ನಡ ಮೀಡಿಯಂ. ಅದಕ್ಕೆ ನೋಟ್‌ಬುಕ್ಕಿನ ಎಡ ಪುಟದಲ್ಲಿ ಲೆಕ್ಚರರ್ ಹೇಳಿದ್ದು, ಬಲ ಪುಟದಲ್ಲಿ ಅದೇ ಮಾತು ನಮ್ಮ ಮನೆಯ ಭಾಷೆಯಲ್ಲಿ. ಮಾರ್ಜಿನಲ್ ಕಾಸ್ಟ್ ಎದುರಿಗೆ ನಾನು ಬರೆದದ್ದು ಹೀಗೆ: 'ಇನ್ನೂ ಒಂದು ಸೀರೆ ನೇಯಲು ಹೊಸದಾಗಿ ಬೀಳುವ ಖರ್ಚು. ನೂಲು, ಜರಿ, ಕರೆಂಟು, ಕೂಲಿ ಸೇರುತ್ತದೆ. ಶೆಡ್ಡಿನ ಬಾಡಿಗೆ ಸೇರಲ್ಲ, ಅದು ನೇಯ್ದರೂ ಇದೆ, ನೇಯದಿದ್ದರೂ ಇದೆ.' ಇಷ್ಟು ಬರೆದ ಮೇಲೆ ಮಾರ್ಜಿನಲ್ ಕಾಸ್ಟಿನ ಸೂತ್ರ ಯಾಕೆ ಹಾಗಿದೆ ಅಂತ ತಾನಾಗಿಯೇ ಹೊಳೆಯಿತು. ಪರೀಕ್ಷೆಗೆ ಓದಿದ್ದು ಬಲ ಪುಟ, ಬರೆದದ್ದು ಎಡ ಪುಟದ ಮಾತಿನಲ್ಲಿ.

ಆಮೇಲೆ ರಿಕಾರ್ಡೊ ಬಂದ. 1817ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಕೊಟ್ಟ ಲೆಕ್ಕವನ್ನು ಇವತ್ತಿಗೂ ಎಲ್ಲ ಕಾಲೇಜಿನಲ್ಲೂ ಪಾಠ ಮಾಡುತ್ತಾರೆ. ಇಂಗ್ಲೆಂಡಿನಲ್ಲಿ ಇಷ್ಟು ಬಟ್ಟೆಗೆ ವರ್ಷಕ್ಕೆ 100 ಆಳು ಬೇಕು, ಇಷ್ಟು ವೈನಿಗೆ 120. ಪೋರ್ಚುಗಲ್ಲಿನಲ್ಲಿ ಅದೇ ಬಟ್ಟೆಗೆ 90, ವೈನಿಗೆ 80. ಎರಡರಲ್ಲೂ ಪೋರ್ಚುಗಲ್ಲೇ ಚುರುಕು. ಹಾಗಿದ್ದರೂ ಅದು ವೈನ್ ಮಾಡಿ ಬಟ್ಟೆಯನ್ನು ಇಂಗ್ಲೆಂಡಿನಿಂದ ತರಿಸಿಕೊಂಡರೆ ಇಬ್ಬರಿಗೂ ಲಾಭ ಅನ್ನುತ್ತಾನೆ. ಇದು ನನಗೆ ಒಪ್ಪಿಗೆಯೇ ಆಗಲಿಲ್ಲ. ಎರಡರಲ್ಲೂ ಮುಂದಿರುವವನು ಇನ್ನೊಬ್ಬನ ಹತ್ತಿರ ಯಾಕೆ ಕೊಳ್ಳಬೇಕು?

ಉತ್ತರ ಸಿಕ್ಕಿದ್ದು ಮನೆಯಲ್ಲಿ. ಕಂಡಿಕೆ, ಅಂದರೆ ಲಾಳಿಗೆ ಹಾಕುವ ನೂಲಿನ ಸುರುಳಿ, ಸುತ್ತುವುದರಲ್ಲಿ ಅಪ್ಪ ಅಜ್ಜಿಗಿಂತ ವೇಗ. ನೇಯುವುದರಲ್ಲಂತೂ ಅಜ್ಜಿಗೆ ಈಗ ಆಗುವುದೇ ಇಲ್ಲ. ಹಾಗಂತ ಅಪ್ಪ ಕಂಡಿಕೆ ಸುತ್ತಲು ಕೂತರೆ ಆ ಹೊತ್ತಿಗೆ ಮಗ್ಗ ನಿಲ್ಲುತ್ತದೆ. ಅಜ್ಜಿ ಕೂತರೆ ಯಾವುದೂ ನಿಲ್ಲುವುದಿಲ್ಲ. ನಿಂತುಹೋಗುವ ಆ ಕೆಲಸವೇ ನಿಜವಾದ ಖರ್ಚು. ಮತ್ತೆ ಲೆಕ್ಕಕ್ಕೆ ಬಂದೆ. ಪೋರ್ಚುಗಲ್ ಒಂದು ಪಾಲು ಬಟ್ಟೆ ಮಾಡಿದರೆ 90ನ್ನು 80ರಿಂದ ಭಾಗಿಸಿದಷ್ಟು, ಅಂದರೆ 1.125 ಪಾಲು ವೈನ್ ಕಳೆದುಕೊಳ್ಳುತ್ತದೆ. ಇಂಗ್ಲೆಂಡ್ ಕಳೆದುಕೊಳ್ಳುವುದು ಸುಮಾರು 0.83. ಬಟ್ಟೆ ಅಗ್ಗ ಬೀಳುವುದು ಇಂಗ್ಲೆಂಡಿಗೆ. ಪುಸ್ತಕ ಮುಚ್ಚಿ ಅಜ್ಜಿಯ ಪಕ್ಕ ಹೋಗಿ ಕೂತೆ, ಅಷ್ಟು ಖುಷಿಯಾಗಿತ್ತು.

ಅವತ್ತೇ ಒಂದು ತೀರ್ಮಾನ ಮಾಡಿದೆ. ಒಂದೇ ಸರಕು ಹಿಡಿದು ಇಡೀ ಡಿಗ್ರಿ ಓದುವುದು. ನನ್ನದು ಹಸಿ ರೇಷ್ಮೆ. ಯಾವ ಪಾಠ ಬಂದರೂ ಅದನ್ನು ತಂದು ನೂಲಿನ ಮುಂದೆ ಇಡುತ್ತೇನೆ. ನೀವು ಕಾಫಿ ತಗೊಳ್ಳಿ, ಗುಲಾಬಿ ತಗೊಳ್ಳಿ, ಪೀಣ್ಯದ ಮಷೀನ್ ಪಾರ್ಟ್ಸ್ ತಗೊಳ್ಳಿ. ಮನೆಯವರಿಗೋ ಪರಿಚಯದವರಿಗೋ ಕೈಯಾರೆ ಗೊತ್ತಿರುವುದಾದರೆ ಒಳ್ಳೆಯದು. ಇಲ್ಲದಿದ್ದರೆ ಈ ಕೋರ್ಸಿನಲ್ಲಿ ಹತ್ತಾರು ಪೇಪರ್ ಹತ್ತಾರು ದಿಕ್ಕಿಗೆ ಎಳೆಯುತ್ತವೆ.

ರೇಷ್ಮೆ ಹಿಡಿದ ಮೇಲೆ ನನಗೆ ಹೊಸ ಲೋಕ ತೆರೆಯಿತು. ದೇಶ ದೇಶಗಳ ನಡುವಿನ ವ್ಯಾಪಾರದಲ್ಲಿ ಸರಕಿಗೆಲ್ಲ ಕೋಡ್ ಇರುತ್ತದೆ, ಅದಕ್ಕೆ ಎಚ್ಎಸ್ ಕೋಡ್ ಅಂತಾರೆ. ರೇಷ್ಮೆಯದು 50ನೇ ಅಧ್ಯಾಯ. ಗೂಡು 5001, ಹಸಿ ರೇಷ್ಮೆ 5002, ಬಟ್ಟೆ 5007. ಶಿಡ್ಲಘಟ್ಟದಿಂದ ನಮ್ಮ ಮಗ್ಗದವರೆಗಿನ ದಾರಿ ಆ ಪಟ್ಟಿಯಲ್ಲಿ ಸಾಲಾಗಿ ನಿಂತಿತ್ತು! ನನ್ನ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಅಪ್ಪನೇ ಕೊಟ್ಟರು. ಚೀನಾದ್ದು ದ್ವಿತಳಿ ರೇಷ್ಮೆ, ಅಂದರೆ ವರ್ಷಕ್ಕೆ ಎರಡು ಪೀಳಿಗೆ ಬರುವ ಹುಳುವಿನದು, ಎಳೆ ಒಂದೇ ಸಮ. ಪವರ್‌ಲೂಮಿನ ಹಾಸು ಎಳೆತ ತಡೆಯಬೇಕು, ಎರಡು ತಳಿ ಬೆರೆಸಿದ ಹುಳುವಿನ ನಮ್ಮ ಮಿಶ್ರತಳಿ ನೂಲು ಅಲ್ಲಲ್ಲಿ ಕಡಿಯುತ್ತದೆ. ಹೊಕ್ಕಿಗೆ, ಅಂದರೆ ಅಡ್ಡ ಎಳೆಗೆ, ನಮ್ಮದೇ ಚೆನ್ನ. ಬರೀ ಬೆಲೆ ನೋಡಿದ್ದರೆ ನನಗೆ ಇದು ತಿಳಿಯುತ್ತಿರಲಿಲ್ಲ.

ಎರಡನೇ ಸೆಮಿಸ್ಟರಿನಲ್ಲಿ ವೈಟ್‌ಫೀಲ್ಡಿನ ಕಂಟೇನರ್ ಡಿಪೋಗೆ ಕರೆದುಕೊಂಡು ಹೋಗಿದ್ದರು. ಬೆಂಗಳೂರಿಗೆ ಕಡಲಿಲ್ಲ, ಆದರೂ ಕಸ್ಟಮ್ಸ್ ಕೆಲಸ ಇಲ್ಲೇ ಮುಗಿಸಿ ಕಂಟೇನರನ್ನು ರೈಲಿನಲ್ಲಿ ಚೆನ್ನೈ ಬಂದರಿಗೆ ಕಳಿಸಬಹುದು. ಒಬ್ಬರು ಕಂಟೇನರಿನ ಬಾಗಿಲಿಗೆ ಹಾಕಿದ ಬೋಲ್ಟ್ ಸೀಲ್ ತೋರಿಸಿದರು. ಹೆಬ್ಬೆರಳು ದಪ್ಪ, ಮೇಲೆ ನಂಬರ್. ಕೈಯಲ್ಲಿದ್ದ ಕಾಗದದಲ್ಲೂ ಅದೇ ನಂಬರ್. ಒಂದಂಕಿ ತಪ್ಪಿದರೆ ಸರಕು ಅಲ್ಲೇ ನಿಲ್ಲುತ್ತದೆ ಅಂದರು. ಸಿಐಎಫ್ (ಕಾಸ್ಟ್, ಇನ್ಶೂರೆನ್ಸ್, ಫ್ರೈಟ್) ಅನ್ನುವ ಮಾರಾಟದ ಕರಾರು ಅರ್ಥವಾದದ್ದೂ ಅವತ್ತೇ. ಅದರಲ್ಲಿ ಖರೀದಿದಾರನ ಬಂದರಿನವರೆಗೆ ಹಡಗಿನ ಬಾಡಿಗೆ, ವಿಮೆ ಎಲ್ಲ ಮಾರುವವನೇ ಕಟ್ಟುತ್ತಾನೆ. ನಷ್ಟದ ಹೊಣೆ ಮಾತ್ರ ಸರಕು ಇಲ್ಲಿ ಹಡಗಿಗೆ ಏರಿದ ಕೂಡಲೇ ಖರೀದಿದಾರನಿಗೆ ದಾಟುತ್ತದೆ. ಹಾಗಾಗಿ ವಿಮೆ ಎಷ್ಟಕ್ಕೆ ಮಾಡಿಸಿದ್ದಾರೆ ಅಂತ ಕೊಳ್ಳುವವನು ನೋಡಿಕೊಳ್ಳಲೇಬೇಕು.

ನನಗೆ ಅತಿ ಹೆಚ್ಚು ಕಲಿಸಿದ್ದು ಗೌರಿ ಹಬ್ಬ. ಮಾವ ಅಮ್ಮನಿಗೆ ಬಾಗಿನ ತಂದಿದ್ದರು. ಊಟಕ್ಕೆ ಕೂತಾಗ ಆಮದು ಸುಂಕದ ಮಾತು ಬಂತು. 2011ರ ಬಜೆಟ್ಟಿನಲ್ಲಿ ಹಸಿ ರೇಷ್ಮೆಯ ಸುಂಕ ಶೇ 30ರಿಂದ 5ಕ್ಕೆ ಇಳಿದಿತ್ತು. ಆಮೇಲೆ ಏರಿಳಿದು ಶೇ 10ಕ್ಕೆ ಬಂದಿದ್ದನ್ನು 2021ರಲ್ಲಿ 15ಕ್ಕೆ ಏರಿಸಿದರು. "ಆ ಇಳಿಸಿದ ವರ್ಷ ನಾವು ಒಲೆ ಆರಿಸಿ ಕೂತಿದ್ವಿ ಭಾವ" ಅಂದರು ಮಾವ. "ಏರಿಸಿದಾಗ ನಾನು ಒಂದು ಮಗ್ಗ ನಿಲ್ಲಿಸಿದ್ದೆ ಕಣಪ್ಪ" ಅಂದರು ಅಪ್ಪ. ಇಬ್ಬರ ದನಿಯೂ ಏರಿತು. ಅಮ್ಮ ಒಬ್ಬಟ್ಟು ಬಡಿಸುತ್ತಾ ಸುಮ್ಮನಿದ್ದರು.

ಊಟ ಆದ ಮೇಲೆ ನಾನು ನೋಟ್‌ಬುಕ್ ತಂದು ನೂಲಿನ ಬೇಡಿಕೆ, ಪೂರೈಕೆಯ ಗ್ರಾಫ್ ಹಾಕಿದೆ. ಹೊರಗಿನ ನೂಲು ಕೆಜಿಗೆ 4,000 ಅಂದುಕೊಳ್ಳೋಣ, ಶೇ 15 ಸುಂಕ ಸೇರಿದರೆ 4,600. ಈ 600 ರೂಪಾಯಿ ಎಲ್ಲಿಗೆ ಹೋಗುತ್ತದೆ? ಇಲ್ಲಿಯೇ ತಯಾರಾದ ನೂಲಿನ ಮೇಲೆ ಬಂದ ಲಾಭ ಮಾವನಂಥವರಿಗೆ. ಆಮದಾದ ನೂಲಿನ ಮೇಲಿನದು ಸರ್ಕಾರಕ್ಕೆ. ಎರಡನ್ನೂ ಕೊಡುವವರು ಅಪ್ಪನಂಥವರು. ಕೊನೆಗೆ ಗ್ರಾಫಿನಲ್ಲಿ ಮಾವನಿಗೂ ಸರ್ಕಾರಕ್ಕೂ ಸೇರದ ಎರಡು ಸಣ್ಣ ತ್ರಿಕೋನ ಉಳಿಯಿತು. ಅಪ್ಪ ಅದರ ಮೇಲೆ ಬೆರಳಿಟ್ಟು "ಇದು ಯಾರ ಜೇಬಿಗೆ?" ಅಂದರು.

"ಯಾರ ಜೇಬಿಗೂ ಇಲ್ಲಪ್ಪ. ಒಂದು, ಇಲ್ಲಿ ದುಬಾರಿಯಾಗಿ ಮಾಡಿದ್ದಕ್ಕೆ ಹೋದದ್ದು. ಇನ್ನೊಂದು, ನೀನು ನಿಲ್ಲಿಸಿದ ಮಗ್ಗ."

ಮಾವ ನೋಟ್‌ಬುಕ್ ತಮ್ಮ ಕಡೆ ತಿರುಗಿಸಿಕೊಂಡರು. "ಸುಂಕ ಇಲ್ಲದಿದ್ರೆ ನಿಲ್ಲುವ ನನ್ನ ಒಲೆ ಇದರಲ್ಲಿ ಎಲ್ಲಿದೆ, ತೋರಿಸು ಮಗಾ" ಅಂದರು. ನಾನು ಗ್ರಾಫ್ ನೋಡಿದೆ. ಮಾವನ ಲಾಭ ಕುಗ್ಗಿದ್ದು ಅದರಲ್ಲಿತ್ತು. ಒಲೆ ಆರಿದ ಮೇಲೆ ಆ ಆಳುಗಳು ಎಲ್ಲಿಗೆ ಹೋದರು ಅನ್ನುವುದು ಇರಲಿಲ್ಲ. ಅವರಿಗೆಲ್ಲ ತಕ್ಷಣ ಬೇರೆ ಕೆಲಸ ಸಿಗುತ್ತದೆ ಅಂದುಕೊಂಡೇ ಆ ಗ್ರಾಫ್ ಬರೆಯುವುದು. ಮುಂದಿನ ವಾರ ಲೆಕ್ಚರರ್ ಹತ್ತಿರ ಇದನ್ನೇ ಕೇಳಿದೆ. ಅವರು ಕೂರಿಸಿಕೊಂಡು ಒಂದು ಗಂಟೆ ಮಾತಾಡಿದರು. ಮೂರನೇ ವರ್ಷದ ಪ್ರಾಜೆಕ್ಟಿಗೆ ವಿಷಯ ಸಿಕ್ಕಿದೆ. ಈ ದಸರಾ ರಜೆಯಲ್ಲಿ ಶಿಡ್ಲಘಟ್ಟಕ್ಕೆ ಹೋಗಿ ಮಾವನ ಹಳೆಯ ಆಳುಗಳನ್ನು ಮಾತಾಡಿಸುತ್ತೇನೆ.